ಬೇಡ ಅನ್ನುವ ಕಾನೂನು, ತೋರಿಸು ಅನ್ನುವ ಕಾನೂನು

ಕಾರು ತಪಾಸಣೆ ಮಾಡುವಾತ ಮೊದಲು ಮಾಡಿದ ಕೆಲಸ ಟಾರ್ಚ್ ಹಿಡಿದು ಮುಂದಿನ ಎಡ ಚಕ್ರದ ಹಿಂದೆ ತಲೆ ತೂರಿಸಿದ್ದು. ಸ್ಪ್ರಿಂಗ್ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. ಅಲ್ಲಿ ಬಿಳಿ ಬಣ್ಣದಲ್ಲಿ ಒಂದು ನಂಬರ್ ಇತ್ತು. ಅದನ್ನು ಗಟ್ಟಿಯಾಗಿ ಓದಿ, ನನ್ನ ಕೈಯಲ್ಲಿದ್ದ ಕಾಗದದ ಜೊತೆ ತಾಳೆ ನೋಡಿದ. ನಾಲ್ಕೂ ಚಕ್ರಕ್ಕೆ ಇದೇ ಆಯ್ತು. ಆಮೇಲೆ ಟೇಪ್ ತೆಗೆದು ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದ. 322 ಮಿಲಿಮೀಟರ್. ಕಾಗದದಲ್ಲಿ ಕನಿಷ್ಠ 330 ಅಂತಿತ್ತು. "ಎಂಟು ಮಿಲಿಮೀಟರ್ ಎತ್ತಿಸಿಕೊಂಡು ಬನ್ನಿ" ಅಂದು ಟೇಪ್ ಸುತ್ತಿ ಜೇಬಿಗೆ ಹಾಕಿಕೊಂಡ.

ಎಂಟು ಮಿಲಿಮೀಟರ್! ಕಡಲೆಕಾಯಿಯಷ್ಟೂ ಇಲ್ಲ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋದಕ್ಕೆ ಜರ್ಮನ್ ಭಾಷೆಯಲ್ಲಿ ಏನಂತಾರೆ ಅಂತ ಯೋಚಿಸುತ್ತಾ ನಿಂತೆ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಆ ಮಾತು ಇನ್ನೂ ಸಿಕ್ಕಿಲ್ಲ.

ನಾನಿರೋದು ಜರ್ಮನಿಯ ಕೊಲೋನ್ ಹತ್ತಿರ. ಇಲ್ಲಿಂದ ಸುಮಾರು ಒಂದು ಗಂಟೆ ದಾರಿಯಲ್ಲಿ ನ್ಯೂರ್‌ಬುರ್ಗ್‌ರಿಂಗ್ ಅನ್ನೋ ರೇಸ್ ಟ್ರ್ಯಾಕ್ ಇದೆ. ಅದರ ಉತ್ತರದ ಸುತ್ತು, ನಾರ್ಡ್‌ಶ್ಲೈಫ, 1927ರಲ್ಲಿ ಶುರುವಾದದ್ದು. ಒಂದು ಸುತ್ತಿಗೆ 20.8 ಕಿಲೋಮೀಟರ್. ಕಾಡಿನೊಳಗೆ ಹತ್ತಿ ಇಳಿದು ಸುತ್ತುವ ಈ ದಾರಿಯ ಅತಿ ಎತ್ತರದ ಜಾಗಕ್ಕೂ ತಗ್ಗಿನ ಜಾಗಕ್ಕೂ ಹೆಚ್ಚುಕಡಿಮೆ 300 ಮೀಟರ್ ವ್ಯತ್ಯಾಸ. ರೇಸ್ ಇಲ್ಲದ ದಿನ ಸಾಮಾನ್ಯ ಜನರಿಗೆ ಬಿಡುತ್ತಾರೆ. ಟೋಲ್ ಕೊಟ್ಟಂತೆ ದುಡ್ಡು ಕೊಟ್ಟು ನಿಮ್ಮ ಕಾರನ್ನೇ ಓಡಿಸಬಹುದು. ಆದರೆ ಆಗಲೂ ಅದು ರಸ್ತೆಯೇ. ಎಡಗಡೆಯಿಂದಲೇ ಓವರ್‌ಟೇಕ್ ಮಾಡಬೇಕು, ಸುತ್ತಿನ ಸಮಯ ಅಳೆಯುವಂತಿಲ್ಲ, ಕಾರು ರಸ್ತೆಗೆ ಒಪ್ಪಿಗೆ ಪಡೆದದ್ದಾಗಿರಬೇಕು.

ನನ್ನದು ಎರಡು ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರು. ಎಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುತ್ತೆ. ನನ್ನನ್ನೂ ಸೇರಿಸಿ ತೂಗಿದರೆ 1,300 ಕಿಲೋ. ಅದಕ್ಕೆ ಎತ್ತರ ಏರಿಸಿ ಇಳಿಸಬಹುದಾದ ಕಾಯಿಲ್‌ಓವರ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ, ಹಾಕಿಸಿದ್ದೆ. ಇಲ್ಲಿನ ಕಾನೂನಿನ ಪ್ರಕಾರ ಹಾಕಿಸಿದರಷ್ಟೇ ಸಾಲದು. ಬಿಡಿಭಾಗದ ಜೊತೆ ಒಂದು ಪರೀಕ್ಷಾ ವರದಿ ಬರುತ್ತೆ. ಯಾವ ಕಾರಿಗೆ, ಎಷ್ಟು ಭಾರದವರೆಗೆ, ಯಾವ ಅಳತೆಯ ಚಕ್ರದ ಜೊತೆ, ಎಷ್ಟು ಎತ್ತರದಲ್ಲಿ ಅಂತ ಅದರಲ್ಲಿ ಎಲ್ಲಾ ಬರೆದಿರುತ್ತೆ. ಅದನ್ನು ಹಿಡಿದು ಟ್ಯೂಫ್ ಥರದ ತಪಾಸಣೆ ಸಂಸ್ಥೆಗೆ ಹೋಗಬೇಕು. ಅವರು ನೋಡಿ ಒಪ್ಪಿ ಬರೆದುಕೊಟ್ಟ ಮೇಲೆಯೇ ಅದು ನಿಮ್ಮ ಕಾರಿನ ಭಾಗ. ಅಲ್ಲಿಯವರೆಗೆ ನಿಮ್ಮ ಕಾರಿಗೆ ರಸ್ತೆಯಲ್ಲಿ ಓಡುವ ಹಕ್ಕೇ ಇಲ್ಲ.

ಇದೇ ಸಮಯಕ್ಕೆ ಬೆಂಗಳೂರಿನಿಂದ ಅಕ್ಕನ ಮಗ ಫೋಟೋ ಕಳಿಸಿದ. ಹೊಸದಾಗಿ ಕೆಂಪು ಬಣ್ಣ ಬಳಿದ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ), ಹದಿನೆಂಟು ಇಂಚಿನ ಅಲಾಯ್, ನೆಲಕ್ಕೆ ಅಂಟಿಕೊಂಡಂತಿರುವ ಕಾರು. "ಮಾವ, ಮುಂದಿನ ತಿಂಗಳು ಚೆನ್ನೈ ಟ್ರ್ಯಾಕ್‌ಗೆ ಹೋಗ್ತಿದೀವಿ. ಹೇಗಿದೆ?" ಸ್ಪ್ರಿಂಗ್ ಯಾವುದು ಅಂತ ಕೇಳಿದೆ. ಕಂಪನಿಯದ್ದೇ ಅಂತೆ. ಒಂದು ಸುತ್ತು ಕತ್ತರಿಸಿದ್ದಾರೆ ಅಷ್ಟೇ. "ಏನೂ ಆಗಲ್ಲ ಅಂದ್ರು ಮಾವ."

ಈ "ಏನೂ ಆಗಲ್ಲ" ಅನ್ನೋದು ನನಗೆ ಹೊಸದಲ್ಲ. ನಾನೂ ಅಲ್ಲಿ ಇದ್ದಾಗ ಅದನ್ನೇ ನಂಬಿದ್ದವನು. ಆದರೆ ಹುಡುಗನನ್ನು ಬೈದು ಏನು ಪ್ರಯೋಜನ? ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡಿ. ತಯಾರಕರು ಹೇಳಿದ್ದಕ್ಕೆ, ಆರ್‌ಸಿಯಲ್ಲಿ ಇರುವುದಕ್ಕೆ ಹೊಂದದ ಬದಲಾವಣೆ ಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಮಾಡಿತು. ಸರಿ, ಸುರಕ್ಷತೆಗಾಗಿ ಮಾಡಿದ ಕಾನೂನು. ಆದರೆ ಅದರ ಫಲ ಏನಾಗಿದೆ? ಒಬ್ಬ ಒಳ್ಳೇ ಕಂಪನಿಯ ಅಳತೆ ಮಾಡಿದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಹಾಕಿಸುತ್ತಾನೆ. ಇನ್ನೊಬ್ಬ ಗ್ರೈಂಡರ್‌ನಲ್ಲಿ ಸ್ಪ್ರಿಂಗ್ ಕತ್ತರಿಸುತ್ತಾನೆ. ಕಾನೂನಿನ ಮುಂದೆ ಇಬ್ಬರ ಪಾಡೂ ಒಂದೇ. ಇಬ್ಬರೂ ಬಾಯಿಮುಚ್ಚಿಕೊಂಡು ಮಾಡಬೇಕು. ಹೀಗಿದ್ದಾಗ ಜಾಸ್ತಿ ಖರ್ಚು ಮಾಡಿ ಸರಿಯಾದದ್ದನ್ನು ಹಾಕಿಸೋದಕ್ಕೆ ಯಾರಿಗೆ ಮನಸ್ಸು ಬರುತ್ತೆ?

ನಮ್ಮ ಕಾನೂನು ಬೇಡ ಅನ್ನುತ್ತೆ. ಇಲ್ಲಿಯದು ಮಾಡು, ಆದರೆ ತೋರಿಸು ಅನ್ನುತ್ತೆ. ಬೇಡ ಅಂದರೆ ಜನ ಬಿಡುವುದಿಲ್ಲ, ಮರೆಯಲ್ಲಿ ಮಾಡುತ್ತಾರೆ. ತೋರಿಸು ಅಂದರೆ ತೋರಿಸಲು ಯೋಗ್ಯವಾದದ್ದನ್ನು ಹಾಕಿಸುತ್ತಾರೆ.

ಹಾಗಂತ ಕಾಗದ ಇದ್ದ ಮಾತ್ರಕ್ಕೆ ಕಾರು ನಿಲ್ಲಲ್ಲ. ಅದನ್ನು ನನಗೆ ಕಲಿಸಿದ್ದು ನನ್ನದೇ ಸೋಮಾರಿತನ. ಕಾರು ಕೊಂಡ ಮೊದಲ ಬೇಸಿಗೆ. ಒಳ್ಳೇ ಟೈರ್ ಹಾಕಿಸಿದ್ದೆ, ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಇತ್ತು, ಅಷ್ಟೇ ನೋಡಿ ಹೊರಟೆ. ಕಾರು ತಣ್ಣಗಾಗಲು ಬಿಡದೆ ಸಾಲಾಗಿ ಮೂರನೇ ಸುತ್ತಿಗೆ ಹೋದೆ. ವೇರ್‌ಜೈಫೆನ್ ಅಂತ ಒಂದು ಜಾಗ ಇದೆ, ಕಡಿದಾದ ಇಳಿಜಾರಿನಲ್ಲಿ ಎಡಕ್ಕೆ ತಿರುಗುವ ನಿಧಾನದ ತಿರುವು. ಬ್ರೇಕ್ ಒತ್ತಿದೆ. ಪೆಡಲ್ ಹಸಿ ಮಣ್ಣಿಗೆ ಕಾಲಿಟ್ಟಂತೆ ಕೆಳಗೆ ಹೋಯ್ತು. ಎದೆ ಝಲ್ ಅಂತು. ಪಟಪಟ ಅಂತ ಎರಡು ಮೂರು ಸಲ ತುಳಿದಾಗ ಸ್ವಲ್ಪ ಹಿಡಿಯಿತು. ಗೇರ್ ಇಳಿಸಿ, ಹೇಗೋ ತಿರುಗಿಸಿದೆ. ತಗಡಿನ ತಡೆಗೋಡೆಗೆ ಎಷ್ಟು ಅಂತರ ಉಳಿದಿತ್ತು ಅಂತ ಅಳೆಯುವವರು ಯಾರೂ ಇರಲಿಲ್ಲ, ಪುಣ್ಯ.

ಆಗಿದ್ದೇನು ಅಂದರೆ, ಬ್ರೇಕ್ ಆಯಿಲ್ ಕುದಿದಿತ್ತು. ಗಂಟೆಗೆ 200 ಕಿಲೋಮೀಟರ್ ವೇಗದಿಂದ 80ಕ್ಕೆ ಇಳಿಸುವಾಗ ನನ್ನ ಕಾರಿನ ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 1.7 ಮೆಗಾಜೂಲ್. ಐದು ಲೀಟರ್ ತಣ್ಣೀರನ್ನು ಕುದಿ ಬರಿಸಲು ಅಷ್ಟು ಸಾಕು. ಒಂದು ಸಲ ಬ್ರೇಕ್ ಹಾಕಿದಾಗ, ಕೆಲವೇ ಸೆಕೆಂಡುಗಳಲ್ಲಿ ಆಗುವ ಕೆಲಸ ಇದು. ಹಾಗೆ ಒಂದಾದ ಮೇಲೊಂದು. ಆ ಬಿಸಿ ಡಿಸ್ಕ್‌ನಿಂದ ಪ್ಯಾಡ್‌ಗೆ, ಪ್ಯಾಡ್‌ನಿಂದ ಕ್ಯಾಲಿಪರ್‌ಗೆ, ಅಲ್ಲಿಂದ ಆಯಿಲ್‌ಗೆ ಬರುತ್ತೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ಆದರೆ ಅದು ಸುಮ್ನೆ ಇದ್ದಲ್ಲೇ ಗಾಳಿಯ ತೇವ ಹೀರಿಕೊಳ್ಳುತ್ತೆ. ನೂರಕ್ಕೆ 3.7 ಭಾಗ ನೀರು ಸೇರಿದ ಮೇಲೆ ಅದೇ ಆಯಿಲ್‌ಗೆ ಇರುವ ಕನಿಷ್ಠ ಮಿತಿ 155 ಡಿಗ್ರಿ. ನನ್ನದು ಎಷ್ಟು ವರ್ಷ ಹಳೆಯದು ಅಂತ ನನಗೇ ಗೊತ್ತಿರಲಿಲ್ಲ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವವನ್ನು ಅದುಮಲು ಆಗಲ್ಲ, ಗುಳ್ಳೆಯನ್ನು ಅದುಮಬಹುದು. ಕಾಲಿನ ಬಲವೆಲ್ಲ ಗುಳ್ಳೆಗೇ ಹೋಯ್ತು.

ಇಲ್ಲೊಂದು ವಿಷಯ ಗಮನಿಸಿ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಆಯಿಲ್ ಕುದಿದಿದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ತನ್ನ ಬಿಸಿಯ ಮಿತಿ ದಾಟಿದೆ. ಎರಡಕ್ಕೂ ಮದ್ದು ಬೇರೆ. ಇದನ್ನು ತಿಳಿಯದೆ ಜನ ನೇರ ದೊಡ್ಡ ಡಿಸ್ಕ್, ಆರು ಪಿಸ್ಟನ್ ಕ್ಯಾಲಿಪರ್ ಅಂತ ಹೋಗುತ್ತಾರೆ. ದೊಡ್ಡ ಬ್ರೇಕ್ ಹಾಕಿದರೆ ಕಾರು ಬೇಗ ನಿಲ್ಲುತ್ತೆ ಅನ್ನೋದು ದೊಡ್ಡ ತಪ್ಪು ತಿಳುವಳಿಕೆ. ಈಗಿರುವ ಬ್ರೇಕೇ, ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುವಷ್ಟು ಹಿಡಿಯುತ್ತಿದ್ದರೆ, ಅದಕ್ಕಿಂತ ಬೇಗ ನಿಲ್ಲಿಸಬೇಕಾದದ್ದು ಟೈರು. ದೊಡ್ಡ ಡಿಸ್ಕ್ ಕೊಡುವುದು ಬಿಸಿ ತಡೆಯುವ ತಾಳ್ಮೆ. ಹತ್ತನೇ ಸಲವೂ ಮೊದಲನೇ ಸಲದಂತೆಯೇ ನಿಲ್ಲಿಸುತ್ತೆ, ಅಷ್ಟೇ. ಮುಂದಿನ ಚಕ್ರಕ್ಕೆ ಮಾತ್ರ ದೊಡ್ಡದು ಹಾಕಿದರೆ ಹಿಂದು ಮುಂದಿನ ಹಂಚಿಕೆ ಕೆಟ್ಟು, ನಿಲ್ಲುವ ದೂರ ಹೆಚ್ಚಾಗಲೂಬಹುದು. ನಾನು ಮಾಡಿಸಿದ್ದು ಹೊಸ ಆಯಿಲ್, ಬಿಸಿ ತಡೆಯುವ ಪ್ಯಾಡ್, ಉಕ್ಕಿನ ಹೆಣಿಗೆಯ ಬ್ರೇಕ್ ಹೋಸ್. ಜೊತೆಗೆ ಪ್ರತಿ ಸುತ್ತಿನ ಕೊನೆಯಲ್ಲಿ ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ ತಣ್ಣಗಾಗಲು ಬಿಡುವ ಅಭ್ಯಾಸ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಲ್ಲ, ಗೇರ್‌ನಲ್ಲಿ ಬಿಡುತ್ತೇನೆ. ಆಮೇಲೆ ಪೆಡಲ್ ಕೆಳಗೆ ಹೋಗಿಲ್ಲ.

ಸಸ್ಪೆನ್ಷನ್ ವಿಷಯಕ್ಕೆ ಬಂದರೆ, ಆ ಎಂಟು ಮಿಲಿಮೀಟರ್ ಬಗ್ಗೆ ಹೇಳಬೇಕು. ನಾರ್ಡ್‌ಶ್ಲೈಫದಲ್ಲಿ ಫುಕ್ಸ್‌ರೋಯ್ರ ಅಂತ ಒಂದು ಇಳಿಜಾರು. ಮರಗಳ ನಡುವೆ ಕಾರು ಬಾವಿಗೆ ಬಿದ್ದಂತೆ ಇಳಿಯುತ್ತೆ. ತಳದಲ್ಲಿ ದಾರಿ ತಟ್ಟನೆ ಮೇಲೇರುತ್ತೆ. ಆ ಗುಂಡಿಯಲ್ಲಿ ಕಾರಿನ ಭಾರವೆಲ್ಲ ಸ್ಪ್ರಿಂಗ್ ಮೇಲೆ ಕೂರುತ್ತೆ. 322ರಲ್ಲಿ ಇಳಿಸಿದ್ದಾಗ ಅಲ್ಲಿ "ಧಡ್" ಅಂತ ಒಂದು ಹೊಡೆತ, ಆಮೇಲೆ ಮೂಗು ಆಚೀಚೆ ಅಲುಗುತ್ತಿತ್ತು. ಅದು ನನ್ನ ಕಾರಿನ ಗತ್ತು ಅಂದುಕೊಂಡಿದ್ದೆ. ನಿಜದಲ್ಲಿ ಶಾಕ್ ಅಬ್ಸಾರ್ಬರ್‌ನ ದಾರಿ ಮುಗಿದು ಬಂಪ್ ಸ್ಟಾಪ್‌ಗೆ, ಅಂದರೆ ಒಳಗಿನ ರಬ್ಬರ್ ದಿಂಬಿಗೆ, ಹೊಡೆಯುತ್ತಿತ್ತು. ಆ ಕ್ಷಣ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ಟೈರಿನ ಹಿಡಿತ ಒಮ್ಮೆಲೇ ಹೋಗುತ್ತೆ. ಬೈದುಕೊಳ್ಳುತ್ತಲೇ 330ಕ್ಕೆ ಎತ್ತಿಸಿದೆ. ಧಡ್ ನಿಂತುಹೋಯ್ತು. ಟೇಪ್ ಹಿಡಿದವನಿಗೆ ಈ ವಿಷಯ ಹೇಳಲು ಮುಖವಿರಲಿಲ್ಲ.

ಕಾರು ತಗ್ಗಿದಷ್ಟೂ ಚೆನ್ನ ಅನ್ನೋದು ನೋಟಕ್ಕೆ ಸರಿ. ಮುಂದುಗಡೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಜೋಡಣೆ) ಇರುವ ಕಾರನ್ನು ಅತಿಯಾಗಿ ತಗ್ಗಿಸಿದರೆ ಕೆಳಗಿನ ತೋಳಿನ ಕೋನ ಕೆಟ್ಟು, ತಿರುವಿನಲ್ಲಿ ವಾಲುವ ಒತ್ತಡ ಕಡಿಮೆಯಾಗುವ ಬದಲು ಹೆಚ್ಚಾಗುತ್ತೆ. ನನ್ನ ಕಾರಿಗೆ ನಿಜವಾಗಿ ಬದಲಾವಣೆ ತಂದದ್ದು ಎತ್ತರ ಅಲ್ಲ, ಕ್ಯಾಂಬರ್, ಅಂದರೆ ಚಕ್ರದ ವಾಲು. ಮುಂದಿನ ಚಕ್ರಗಳ ತಲೆ ಎರಡು ಡಿಗ್ರಿ ಒಳಕ್ಕೆ ವಾಲಿಸಿದ ಮೇಲೆ, ಟೈರಿನ ಹೊರ ಅಂಚು ಸವೆದು ಹೋಗುತ್ತಿದ್ದದ್ದು ನಿಂತು, ಪೂರ್ತಿ ಅಗಲ ನೆಲ ಹಿಡಿಯಲು ಶುರುವಾಯ್ತು. ಅಲೈನ್‌ಮೆಂಟ್ ಮಾಡಿಸಿದ ಖರ್ಚು ಕಾಯಿಲ್‌ಓವರ್ ಖರ್ಚಿನ ಮುಂದೆ ಏನೂ ಅಲ್ಲ.

ಇದನ್ನೆಲ್ಲ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ ಅನ್ನೋದೂ ನಿಜ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಓಡಿಸಿದವರನ್ನು ಕೇಳಿ. ಚಕ್ರ ಮೇಲೆ ಕೆಳಗೆ ಓಡಾಡಲು ಜಾಗ ಇರಬೇಕು ಅನ್ನೋದನ್ನು ಅವರು ಇಲ್ಲಿನವರಿಗಿಂತ ಚೆನ್ನಾಗಿ ಬಲ್ಲರು. ಆ ತಿಳುವಳಿಕೆ ತೋಟದಿಂದ ಪೇಟೆಯ ಗ್ಯಾರೇಜಿಗೆ ಇಳಿದು ಬಂದಿಲ್ಲ, ಅಷ್ಟೇ.

ಜರ್ಮನಿಯ ದಾರಿಯೇ ಸರಿ ಅಂತ ನಾನು ಕುಣಿಯುತ್ತಿಲ್ಲ. ಕಾಗದದ ಹುಚ್ಚು ಇಲ್ಲಿ ಅತಿಯಾಗುವುದೂ ಉಂಟು. ರಸ್ತೆಗೆ ಬದಲಿ ಪ್ಯಾಡ್ ಹಾಕಬೇಕಾದರೆ ಸಾಮಾನ್ಯವಾಗಿ ಬದಲಿ ಬ್ರೇಕ್ ಭಾಗ ಪರೀಕ್ಷೆಯಾಗಿದೆ ಅಂತ ಹೇಳುವ ಇಸಿಇ ಆರ್90 ಗುರುತು ಬೇಕು. ಅದರ ಹಿಡಿತ ಮೂಲ ಪ್ಯಾಡ್‌ಗಿಂತ ಶೇಕಡ 15ಕ್ಕಿಂತ ಆಚೀಚೆ ಹೋಗಬಾರದು. ಟ್ರ್ಯಾಕ್‌ಗೆ ಅಂತಲೇ ಮಾಡಿದ ಎಷ್ಟೋ ಒಳ್ಳೇ ಪ್ಯಾಡ್‌ಗಳಿಗೆ ಆ ಗುರುತು ಇಲ್ಲ. ಹೀಗಾಗಿ ಹೊಕನ್‌ಹೈಮ್‌ನ ಟ್ರ್ಯಾಕ್ ದಿನ ಬೆಳಗ್ಗೆ ಏಳಕ್ಕೆ, ಕೈ ಮರಗಟ್ಟುವ ಚಳಿಯಲ್ಲಿ, ಜಾಕ್ ಹಾಕಿ ಪ್ಯಾಡ್ ಬದಲಿಸುತ್ತೇನೆ. ಸಂಜೆ ಮನೆಗೆ ಹೊರಡುವ ಮುಂಚೆ ಮತ್ತೆ ಹಳೇದು. ಪಕ್ಕದಲ್ಲಿ ಇನ್ನೂ ನಾಲ್ಕು ಜನ ಅದೇ ಕೆಲಸದಲ್ಲಿ ಇರುತ್ತಾರೆ. ಕಾಗದ ಇಲ್ಲದ ಪ್ಯಾಡ್‌ನಲ್ಲೇ ಮನೆಗೆ ಹೋಗುವವರೂ ಇರುತ್ತಾರೆ, ಅವರ ಕಡೆ ಯಾರೂ ನೋಡಲ್ಲ. ಇಲ್ಲೂ ಕೆಂಪು ಕ್ಯಾಲಿಪರ್‌ಗೆ ಬರವಿಲ್ಲ. ನ್ಯೂರ್‌ಬುರ್ಗ್‌ರಿಂಗ್‌ನ ಪಾರ್ಕಿಂಗ್‌ನಲ್ಲಿ ನಿಂತಿರುವ ಅರ್ಧ ಕಾರುಗಳು ಅಲ್ಲಿ ನಿಲ್ಲಲೆಂದೇ ಬಂದವು.

ಆದರೂ ಆ ಕಾಗದ ಒಂದು ಕೆಲಸ ಮಾಡುತ್ತೆ. ಕೊಳ್ಳುವವನ ಕೈಗೆ ಪ್ರಶ್ನೆ ಕೊಡುತ್ತೆ. ಅಂಗಡಿಯವನಿಗೆ ನಾನು "ಚೆನ್ನಾಗಿದೆಯಾ?" ಅಂತ ಕೇಳಬೇಕಿಲ್ಲ, "ವರದಿ ಎಲ್ಲಿ?" ಅಂದರೆ ಸಾಕು. ಇದು ನಮ್ಮಲ್ಲಿ ಆಗದ ಮಾತೇನಲ್ಲ. ಸಿಎನ್‌ಜಿ ಕಿಟ್‌ಗೆ ಆಗಲೇ ಇದೆಯಲ್ಲ. ಪರೀಕ್ಷೆಯಾದ ಕಿಟ್ ಹಾಕಿಸಿ, ಆರ್‌ಟಿಒದಲ್ಲಿ ತೋರಿಸಿ, ಆರ್‌ಸಿಯಲ್ಲಿ ಬರೆಸಿಕೊಳ್ಳುತ್ತೇವೆ. ವಾಹನ ಪರೀಕ್ಷೆ ಮಾಡುವ ಪುಣೆಯ ಎಆರ್‌ಎಐ ಸಂಸ್ಥೆ 1966ರಿಂದ ಇದೆ. ಕಾರಿನೊಳಗೆ ಒತ್ತಡದ ಗ್ಯಾಸ್ ಸಿಲಿಂಡರ್ ಇಡುವುದಕ್ಕೇ ದಾರಿ ಮಾಡಿಕೊಟ್ಟವರು, ನಾಲ್ಕು ಸ್ಪ್ರಿಂಗ್, ನಾಲ್ಕು ಶಾಕ್ ಅಬ್ಸಾರ್ಬರ್‌ಗೆ ಯಾಕೆ ಮಾಡಿಕೊಡಬಾರದು? ಲಂಚದ ಇನ್ನೊಂದು ಬಾಗಿಲು ತೆರೆದಂತಾಗುತ್ತೆ ಅಂತ ನನ್ನ ಗೆಳೆಯನೊಬ್ಬ ವಾದ ಮಾಡುತ್ತಾನೆ. ಇರಬಹುದು. ಆದರೆ ಈಗಿರುವ ಗ್ರೈಂಡರ್ ದಾರಿಗಿಂತ ಅದೇನೂ ಕೆಟ್ಟದ್ದಲ್ಲ ಅನ್ನೋದು ನನ್ನ ಅನಿಸಿಕೆ.

ಅಕ್ಕನ ಮಗನಿಗೆ ಉಪದೇಶ ಮಾಡಲು ಹೋಗಲಿಲ್ಲ. ಎರಡೇ ಕೆಲಸ ಹೇಳಿದೆ. ಬ್ರೇಕ್ ಆಯಿಲ್ ಬದಲಿಸು, ಸ್ಪ್ರಿಂಗ್ ಮೇಲಿನ ನಂಬರ್ ಕಳಿಸು. ನಾಲ್ಕು ದಿನ ಸುದ್ದಿ ಇಲ್ಲ. ಐದನೇ ದಿನ ಒಂದು ಬಾಟಲಿಯ ಫೋಟೋ ಬಂತು. ಕ್ಯಾಲಿಪರ್‌ನಿಂದ ಇಳಿಸಿದ ಹಳೇ ಆಯಿಲ್, ಥೇಟ್ ಕಾಫಿ ಡಿಕಾಕ್ಷನ್ ಬಣ್ಣ. ಅದರ ಕೆಳಗೆ ಬರೆದಿದ್ದ: "ನಂಬರ್ ಹುಡುಕಿದೆ ಮಾವ, ಸಿಗ್ಲಿಲ್ಲ. ಅದು ಕತ್ತರಿಸಿದ ಸುತ್ತಿನ ಜೊತೆ ಹೋಗಿರ್ಬೇಕು."