ಡಿಡಿಆರ್5 ಆದ ಮಾತ್ರಕ್ಕೆ ಒಂದು ಸ್ಟಿಕ್ ಎರಡಾಗಲ್ಲ

ಗೇಮಿಂಗ್ ಪಿಸಿ ಕಟ್ಟಿಸೋಕೆ ಹೋದ ಹುಡುಗರಿಗೆ ಈಗ ಅಂಗಡಿ ಕೌಂಟರಲ್ಲಿ ರ‍್ಯಾಮ್ ಬಗ್ಗೆ ಒಂದು ಹೊಸ ಪಾಠ ಸಿಗ್ತಿದೆ. "ಸರ್, ಇದು ಡಿಡಿಆರ್5. ಒಂದೇ ಸ್ಟಿಕ್ಕಲ್ಲಿ ಡ್ಯುಯಲ್ ಚಾನೆಲ್ ಬಂದ್ಬಿಡುತ್ತೆ. ಸದ್ಯಕ್ಕೆ 16 ಜಿಬಿದು ಒಂದು ಹಾಕ್ಕೊಳ್ಳಿ, ರೇಟು ಇಳಿದ್ಮೇಲೆ ಇನ್ನೊಂದು ಹಾಕ್ಸಿದ್ರಾಯ್ತು." ಡಿಡಿಆರ್5 ಅಂದರೆ ಡಿಡಿಆರ್4 ಆದಮೇಲೆ ಬಂದ ತಲೆಮಾರಿನ ರ‍್ಯಾಮ್, ಸ್ಟಿಕ್ ಅಂದರೆ ಬೋರ್ಡಿಗೆ ಚುಚ್ಚೋ ಅದರ ಪಟ್ಟಿ, ಡ್ಯುಯಲ್ ಚಾನೆಲ್ ಅಂದರೆ ಪ್ರೊಸೆಸರಿಗೂ ಅದಕ್ಕೂ ನಡುವೆ ಡೇಟಾ ಓಡಾಡೋಕೆ ಎರಡು ದಾರಿ. ಕೌಂಟರಿನ ಮೊದಲನೇ ಮಾತು ತಪ್ಪು, ಎರಡನೇದು ಅರ್ಧ ಸರಿ. ನಮ್ಮ ಅಕ್ಕನ ಮಗ ಇದನ್ನೇ ಕೇಳಿಕೊಂಡು ಬಂದು "ಹೌದಾ ಮಾಮ?" ಅಂತ ವಾಟ್ಸಾಪ್ ಮಾಡಿದ್ದ. ಸಾಕ್ಷಿಗೆ ಸಿಪಿಯು-ಝಡ್ (ಪಿಸಿ ಒಳಗಿನ ಭಾಗಗಳ ವಿವರ ತೋರಿಸೋ ಸಾಫ್ಟ್‌ವೇರ್) ಸ್ಕ್ರೀನ್‌ಶಾಟ್ ಬೇರೆ. ಚಾನೆಲ್ ಅನ್ನೋ ಜಾಗದಲ್ಲಿ 2 x 32 ಬಿಟ್ ಅಂತಲೇ ಇತ್ತು. ಅವನಿಗೆ ಬರೆದ ಉತ್ತರ ಉದ್ದವಾಯ್ತು, ಇನ್ನೂ ನಾಲ್ಕು ಜನಕ್ಕೆ ಬೇಕಾಗಬಹುದು ಅಂತ ಇಲ್ಲಿ ಹಾಕ್ತಿದ್ದೀನಿ.

ಸ್ಕ್ರೀನ್‌ಶಾಟ್ ಸುಳ್ಳು ಹೇಳ್ತಿಲ್ಲ, ಅದನ್ನ ಓದಿದ ರೀತಿ ತಪ್ಪು. ಡಿಡಿಆರ್4 ತನಕ ಒಂದು ಸ್ಟಿಕ್ ಅಂದರೆ 64 ಬಿಟ್ ಅಗಲದ ಒಂದು ದಾರಿ. ಡಿಡಿಆರ್5ರಲ್ಲಿ ಅದೇ 64 ಬಿಟ್ಟನ್ನ 32, 32ರಂತೆ ಎರಡು ಸಬ್‌ಚಾನೆಲ್ ಮಾಡಿದ್ದಾರೆ. ಒಂದರಲ್ಲಿ ಡೇಟಾ ಬರ್ತಿರುವಾಗಲೇ ಪ್ರೊಸೆಸರ್ ಇನ್ನೊಂದರಲ್ಲಿ ಬೇರೆ ಏನನ್ನೋ ಕೇಳಬಹುದು, ಹಾಗಾಗಿ ಇದು ಒಳ್ಳೆ ಸುಧಾರಣೆಯೇ. ಆದರೆ ಒಟ್ಟು ಅಗಲ ಒಂದು ಬಿಟ್ಟೂ ಹೆಚ್ಚಿಲ್ಲ. ಅಪ್ಪನ ಒಂದೆಕರೆಯನ್ನ ಅಣ್ಣ ತಮ್ಮ ಭಾಗ ಮಾಡಿಕೊಂಡ ದಿನ ಮನೆತನಕ್ಕೆ ಎರಡೆಕರೆ ಆಯ್ತು ಅಂತ ಯಾರೂ ಹೇಳಲ್ಲವಲ್ಲ! ಎರಡು ಸ್ಟಿಕ್ ಹಾಕಿ ನೋಡಿದರೆ ಅದೇ ಸಿಪಿಯು-ಝಡ್ 4 x 32 ಬಿಟ್ ತೋರಿಸುತ್ತೆ. ನಾವು ಇಷ್ಟು ವರ್ಷ ಡ್ಯುಯಲ್ ಚಾನೆಲ್ ಅಂತಿದ್ದದ್ದು ಆ 128 ಬಿಟ್ಟಿಗೆ.

ಲೆಕ್ಕ ಕಷ್ಟದ್ದೇನಲ್ಲ. 6000 ಅಂತ ಬರೆದ ಸ್ಟಿಕ್ ಸೆಕೆಂಡಿಗೆ 600 ಕೋಟಿ ಸಲ ಡೇಟಾ ಸಾಗಿಸುತ್ತೆ, ಸಲಕ್ಕೆ 8 ಬೈಟ್. (ಎಲ್ಲರೂ ಮೆಗಾಹರ್ಟ್ಸ್ ಅಂತೀವಿ, ಅಸಲಿ ಕ್ಲಾಕ್ ಅದರರ್ಧ, 3000. ಇರಲಿ.) ಅಂದರೆ ಸೆಕೆಂಡಿಗೆ 48 ಜಿಬಿ. ಈಗ ಹಳೇ ಡಿಡಿಆರ್4 3200 ತಗೊಳ್ಳಿ, ಒಂದಕ್ಕೆ 25.6, ಎರಡಕ್ಕೆ 51.2 ಜಿಬಿ. ಹೊಸ ಬೋರ್ಡು, ಹೊಸ ಪ್ರೊಸೆಸರ್ ತಗೊಂಡು ಒಂದೇ ಒಂದು ಡಿಡಿಆರ್5 ಸ್ಟಿಕ್ ಹಾಕಿದವನ ಮೆಷಿನ್ನು ಈ ಒಂದು ವಿಷಯದಲ್ಲಿ ಪಕ್ಕದ ಮನೆಯ ಹಳೇ ಡಿಡಿಆರ್4 ಜೋಡಿಗಿಂತ ಹಿಂದೆ ಇರುತ್ತೆ. ಕೌಂಟರಲ್ಲಿ ಇದನ್ನ ಯಾರೂ ಹೇಳಲ್ಲ.

ಹಾಗಂತ ಎರಡು ಹಾಕಿದ ಕೂಡಲೇ ಎಲ್ಲ ಆಟದಲ್ಲೂ ಸೆಕೆಂಡಿಗೆ ಮೂಡೋ ಚಿತ್ರಗಳ ಲೆಕ್ಕ, ಅಂದರೆ ಎಫ್‌ಪಿಎಸ್ ದುಪ್ಪಟ್ಟಾಗುತ್ತೆ ಅಂದುಕೊಳ್ಳಬೇಡಿ. ಒಳ್ಳೆ ಗ್ರಾಫಿಕ್ಸ್ ಕಾರ್ಡಿದ್ದು, 1440ಪಿ ಅಥವಾ 4ಕೆಯಲ್ಲಿ ಎಲ್ಲ ಸೆಟ್ಟಿಂಗ್ ಏರಿಸಿ ಆಡೋರಿಗೆ ಕಾರ್ಡೇ ಏದುಸಿರು ಬಿಡ್ತಿರುತ್ತೆ, ರ‍್ಯಾಮಿನ ವ್ಯತ್ಯಾಸ ಅಷ್ಟಾಗಿ ಕಾಣಲ್ಲ. ಎಎಂಡಿಯ 7800ಎಕ್ಸ್3ಡಿ ಥರದ ಪ್ರೊಸೆಸರ್ ಚಿಪ್ಪಲ್ಲಿ 96 ಎಂಬಿ ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) ಇರೋದರಿಂದ ಅದು ರ‍್ಯಾಮಿನ ಬಾಗಿಲು ತಟ್ಟೋದೇ ಕಮ್ಮಿ. ವ್ಯತ್ಯಾಸ ಕಾಣೋದು ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ ಥರದ ಆಟಗಳನ್ನ 1080ಪಿಯಲ್ಲಿ ಸೆಟ್ಟಿಂಗ್ ಇಳಿಸಿ ಆಡುವಾಗ. ಅಲ್ಲೂ ಸರಾಸರಿ ಎಫ್‌ಪಿಎಸ್ ನೋಡಿದರೆ ಪೂರ್ತಿ ಗೊತ್ತಾಗಲ್ಲ. ಸ್ಮೋಕ್ ಬಿದ್ದು, ನಾಲ್ಕು ಜನ ಒಟ್ಟಿಗೆ ನುಗ್ಗಿದಾಗ ಸ್ಕ್ರೀನ್ ಒಂದು ಕ್ಷಣ ತಡವರಿಸುತ್ತಲ್ಲ, ಅಲ್ಲಿ ಗೊತ್ತಾಗೋದು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳೋದು ಗ್ರಾಫಿಕ್ಸ್ ಕಾರ್ಡೇ ಇಲ್ಲದವನಿಗೆ. "ಈಗ ಎಎಂಡಿಯ 5600ಜಿ ಅಥವಾ 8600ಜಿ ಪ್ರೊಸೆಸರ್ ಹಾಕ್ಕೋತೀನಿ, ಕೆಲಸ ಸಿಕ್ಕಮೇಲೆ ಕಾರ್ಡ್ ತಗೋತೀನಿ" ಅನ್ನೋ ಇಂಜಿನಿಯರಿಂಗ್ ಹುಡುಗರು ನಮ್ಮಲ್ಲಿ ತುಂಬ ಜನ. ಆ ಚಿಪ್ಪುಗಳ ಒಳಗಿರೋ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮನ್ನೇ ಹಂಚಿಕೊಂಡು ತಿನ್ನಬೇಕು. ಅದಕ್ಕೆ ಒಂದೇ ಸ್ಟಿಕ್ ಹಾಕಿಕೊಟ್ಟರೆ ಕೊಟ್ಟ ದುಡ್ಡಲ್ಲಿ ದೊಡ್ಡ ಪಾಲು ಕಣ್ಣೆದುರಿಗೇ ಹೋದ ಹಾಗೆ. ತಮಾಷೆ ಅಂದರೆ, ಬಜೆಟ್ ಕಮ್ಮಿ ಅಂತ ಒಂದೇ ಸ್ಟಿಕ್ಕಿನ ಸಲಹೆ ಮೊದಲು ಸಿಗೋದೂ ಇವರಿಗೇ. ನನಗೆ ಸಿಟ್ಟು ಬರೋದು ಇಲ್ಲಿ. ಎರಡು ಲಕ್ಷದ ಬಿಲ್ಡಿನವನಿಗೆ ಒಂದು ಸ್ಟಿಕ್ ಕೊಟ್ಟರೆ ಅವನು ನಾಳೆ ಬಂದು ಇನ್ನೊಂದು ತಗೊಂಡು ಹೋಗ್ತಾನೆ, ಈ ಹುಡುಗರಿಗೆ ಅದು ಆಗಲ್ಲ.

ಇನ್ನು "ಆಮೇಲೆ ಹಾಕ್ಕೊಂಡ್ರಾಯ್ತು" ಅನ್ನೋ ಮಾತಿಗೆ ಬರೋಣ. ಡಿಡಿಆರ್3 ಕಾಲದಲ್ಲಿ ಯಾವ ಕಂಪನಿಯದಕ್ಕೆ ಯಾವುದನ್ನ ಜೋಡಿಸಿದರೂ ಬಹುತೇಕ ಓಡ್ತಿತ್ತು. ಡಿಡಿಆರ್5 ಅಷ್ಟು ಉದಾರಿ ಅಲ್ಲ. ಚಿಪ್ ಮಾಡೋ ದೊಡ್ಡೋರು ಮೂರೇ ಜನ, ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಹೊರಗೆ ಅದೇ ಸ್ಟಿಕ್ಕರ್, ಅದೇ ಮಾಡೆಲ್ ಇದ್ದರೂ ಈ ವರ್ಷದ ಮಾಲಲ್ಲಿ ಒಬ್ಬರ ಚಿಪ್, ಮುಂದಿನ ವರ್ಷದ್ದರಲ್ಲಿ ಇನ್ನೊಬ್ಬರದ್ದು ಇರಬಹುದು. ಡಬ್ಬದ ಮೇಲಿರೋ 6000 ಅನ್ನೋ ಸ್ಪೀಡಿಗೆ ಕಂಪನಿ ಜವಾಬ್ದಾರಿ ಹೊರೋದು ಒಂದೇ ಡಬ್ಬದಲ್ಲಿ ಜೋಡಿಯಾಗಿ ಟೆಸ್ಟ್ ಆಗಿ ಬಂದ ಕಿಟ್ಟಿಗೆ ಮಾತ್ರ. ಬೇರೆ ಬೇರೆ ತಂದು ಜೋಡಿಸಿದ್ದು ಓಡಲೂಬಹುದು. ಓಡದಿದ್ದರೆ ಸ್ಪೀಡ್ ಇಳಿಸಿಕೊಂಡು ಸುಮ್ಮನಿರಬೇಕು, ಜಗಳ ಆಡೋಕೆ ಜಾಗ ಇಲ್ಲ. ಅದಕ್ಕೇ ಅರ್ಧ ಸರಿ ಅಂದದ್ದು.

ನಾಲ್ಕು ಸ್ಲಾಟ್ ಇದೆಯಲ್ಲ, ಮುಂದೆ ಎಲ್ಲ ತುಂಬಿಸ್ತೀನಿ ಅನ್ನೋರಿಗೂ ಒಂದು ಮಾತು. ರೈಝನ್ 7000 ಸರಣಿಯ ಪ್ರೊಸೆಸರಿಗೆ ಎರಡು ಸ್ಟಿಕ್ಕಿದ್ದರೆ 5200 ಅಂತ ಎಎಂಡಿ ಅಧಿಕೃತವಾಗಿ ಹೇಳುತ್ತೆ. ನಾಲ್ಕು ತುಂಬಿಸಿದರೆ 3600! ಬಯಾಸಲ್ಲಿ (ಬೋರ್ಡಿನ ಒಳ ಸೆಟ್ಟಿಂಗಿನ ಪರದೆ) ಗುದ್ದಾಡಿ ಮೇಲೆ ತರೋರು ಇದ್ದಾರೆ, ಅದು ಹವ್ಯಾಸ ಇದ್ದೋರ ಕೆಲಸ. ಮಾಮೂಲಿ ಆಡೋನಿಗೆ ಡಿಡಿಆರ್5 ಬೋರ್ಡಲ್ಲಿ ಸ್ಲಾಟ್ ಎರಡೇ ಅಂತ ತಿಳಿದುಕೊಂಡರೆ ನೆಮ್ಮದಿ.

ಸ್ಪೀಡಿನ ವಿಷಯಕ್ಕೆ ಜನ ಬೇಕಿಲ್ಲದಷ್ಟು ತಲೆ ಕೆಡಿಸಿಕೊಳ್ತಾರೆ. ರೈಝನ್ 7000, 9000ಕ್ಕೆ 6000 ಸಾಕು. ಅಲ್ಲಿಗೆ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ರ‍್ಯಾಮಿನ ಜೊತೆ ಹೆಜ್ಜೆಗೆ ಹೆಜ್ಜೆ ಹಾಕುತ್ತೆ, 6400 ದಾಟಿದರೆ ಸಾಮಾನ್ಯವಾಗಿ ಅದು ಅರ್ಧ ವೇಗಕ್ಕೆ ಇಳಿಯುತ್ತೆ. 8000ದ ಕಿಟ್ ಹಾಕಿದ್ದೀನಿ ಅಂತ ಹೇಳಿಕೊಳ್ಳೋಕೆ ಚೆನ್ನ, ಅಷ್ಟೇ. ಸಿಎಲ್ ನಂಬರನ್ನೂ (ಕೇಳಿದ ಡೇಟಾ ಬರೋಕೆ ಎಷ್ಟು ಕ್ಲಾಕ್ ಕಾಯಬೇಕು ಅನ್ನೋದು) ಒಂಟಿಯಾಗಿ ನೋಡಬಾರದು. ಅದನ್ನ 2000ದಿಂದ ಗುಣಿಸಿ ಸ್ಪೀಡಿಂದ ಭಾಗಿಸಿ, ನ್ಯಾನೊಸೆಕೆಂಡ್ ಸಿಗುತ್ತೆ. ಡಿಡಿಆರ್4 3200 ಸಿಎಲ್ 16 ಅಂದರೆ 10. ಡಿಡಿಆರ್5 6000 ಸಿಎಲ್ 30, ಅದೂ 10. ಸಿಎಲ್ 36 ಆದರೆ 12. ಡಿಡಿಆರ್5ರಲ್ಲಿ ಸಿಎಲ್ ಜಾಸ್ತಿ, ಅದಕ್ಕೇ ನಿಧಾನ ಅನ್ನೋ ವಾದ ಇಷ್ಟಕ್ಕೇ ಮುಗೀತು. 30 ಮತ್ತು 36ರ ನಡುವೆ ಬೆಲೆ ಹತ್ತಿರ ಇದ್ದರೆ 30 ತಗೊಳ್ಳಿ. ತುಂಬ ವ್ಯತ್ಯಾಸ ಇದ್ದರೆ 36 ತಗೊಂಡು ಮಿಕ್ಕಿದ್ದನ್ನ ಗ್ರಾಫಿಕ್ಸ್ ಕಾರ್ಡಿಗೆ ಸೇರಿಸಿ. ಸ್ಟಿಕ್ ಮೇಲೆ ಬಣ್ಣದ ಲೈಟು ಬೇಕು ಅಂದರೆ ಹಾಕಿಸಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಲೈಟಿರೋ ಆ ಎತ್ತರದ ಸ್ಟಿಕ್ ಪ್ರೊಸೆಸರ್ ಕೂಲರಿನ ಫ್ಯಾನಿಗೆ ತಗುಲುತ್ತಾ ಅಂತ ಮಾತ್ರ ಮೊದಲೇ ಅಳೆದುಕೊಳ್ಳಿ.

ಇಷ್ಟೆಲ್ಲ ಆರಿಸಿ ತಂದವರಲ್ಲೂ ಎಷ್ಟೋ ಜನರ ಮೆಷಿನ್ನಲ್ಲಿ 6000ದ ಕಿಟ್ 4800ರಲ್ಲೇ ಓಡ್ತಿರುತ್ತೆ. ಬಯಾಸಿಗೆ ಹೋಗಿ ಡಬ್ಬದ ಮೇಲಿನ ಸ್ಪೀಡಿಗೆ ಏರಿಸೋ ಸೆಟ್ಟಿಂಗ್, ಇಂಟೆಲ್ ಆದರೆ ಎಕ್ಸ್‌ಎಂಪಿ, ಎಎಂಡಿ ಆದರೆ ಎಕ್ಸ್‌ಪೋ ಆನ್ ಮಾಡಬೇಕು, ತಾನಾಗಿ ಆಗಲ್ಲ. ಈಗಲೇ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ ಒತ್ತಿ. ಸ್ಪೀಡ್ ಎಷ್ಟು, ಸ್ಲಾಟ್ ಎಷ್ಟು ತುಂಬಿದೆ ಎರಡೂ ಅಲ್ಲೇ ಇದೆ. ನಾಲ್ಕು ಸ್ಲಾಟಿನ ಬೋರ್ಡಾದರೆ ಜೋಡಿ ಕೂರಬೇಕಾದ್ದು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು, ನಾಲ್ಕನೇದರಲ್ಲಿ. ಬೋರ್ಡ್ ಮೇಲೆ ಎ2, ಬಿ2 ಅಂತ ಬರೆದಿರುತ್ತೆ. ಅಕ್ಕಪಕ್ಕ ಚುಚ್ಚಿ ಕೊಟ್ಟಿರೋ ಮೆಷಿನ್ನುಗಳನ್ನ ಕಣ್ಣಾರೆ ನೋಡಿದ್ದೀನಿ. ಜೋಡಿ ತಂದಿದ್ದಾರೆ, ಓಡೋದು ಒಂಟಿಯಾಗಿ.

ಬೆಲೆ ಬಗ್ಗೆ ಮಾತಾಡದೆ ಇದು ಮುಗಿಯಲ್ಲ. 2025ರ ಕೊನೆಗೆ ಬರೋ ಹೊತ್ತಿಗೆ ಡಿಡಿಆರ್5 ಕೆಲವೇ ತಿಂಗಳಲ್ಲಿ ಎರಡು, ಮೂರು ಪಟ್ಟು ಏರಿತು. ಎಐ ಡೇಟಾ ಸೆಂಟರುಗಳಿಗೆ ಎಚ್‌ಬಿಎಂ ಅನ್ನೋ ಮೆಮೊರಿ ಬೇಕು, ಸರ್ವರ್ ರ‍್ಯಾಮೂ ಬೇಕು. ಅದರಲ್ಲಿ ಲಾಭ ಜಾಸ್ತಿ, ಹಾಗಾಗಿ ಆ ಮೂರು ಕಂಪನಿಗಳೂ ಅತ್ತ ತಿರುಗಿವೆ. 2025ರ ಡಿಸೆಂಬರಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸ್ತೀನಿ ಅಂತ ಘೋಷಿಸಿತು. ಬಜೆಟ್ ಬಿಲ್ಡಿಗೆ ನಾವೆಲ್ಲ ಕಣ್ಮುಚ್ಚಿ ಹೇಳ್ತಿದ್ದ ಹೆಸರು ಅದು. "ಗುಜರಾತಲ್ಲಿ ಮೈಕ್ರಾನ್ ಫ್ಯಾಕ್ಟರಿ ಬಂತಲ್ಲ, ಇಲ್ಲಿ ಅಗ್ಗ ಆಗುತ್ತೆ" ಅನ್ನೋರಿಗೆ ಹೇಳಬೇಕು, ಅಲ್ಲಿನ ಸಾನಂದ ಊರಿನದ್ದು ಚಿಪ್ಪುಗಳ ಜೋಡಣೆ ಮತ್ತು ಟೆಸ್ಟಿಂಗಿನ ಘಟಕ. ಚಿಪ್ ಕತ್ತರಿಸಿ ತೆಗೆಯೋ ಸಿಲಿಕಾನ್ ವೇಫರ್ ಅಲ್ಲಿ ತಯಾರಾಗಲ್ಲ.

ಈ ರೇಟಲ್ಲಿ ಎಲ್ಲರೂ 32 ಜಿಬಿ ಹಾಕಿ ಅನ್ನೋಕೆ ನನಗೆ ಬಾಯಿ ಬರಲ್ಲ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ಥರದ್ದು ಆಡೋರಿಗೆ, ಆಡ್ತಾ ಆಡ್ತಾ ಸ್ಟ್ರೀಮ್ ಮಾಡೋರಿಗೆ, ವಿಡಿಯೊ ಎಡಿಟಿಂಗ್ ಇರೋರಿಗೆ 32 ಬೇಕು, 16ರ ಎರಡು. ಮಿಕ್ಕವರಿಗೆ 16 ಇವತ್ತಿಗೂ ನಡೆಯುತ್ತೆ, ಆಡುವಾಗ ಕ್ರೋಮಲ್ಲಿ ಮೂವತ್ತು ಟ್ಯಾಬ್ ತೆಗೆದಿಡೋ ಚಟ ಬಿಟ್ಟರೆ. ಆ 16 ಹೇಗೆ ಅನ್ನೋದೇ ಈಗಿನ ಪೇಚು. ಡಿಡಿಆರ್5ರ 8 ಜಿಬಿ ಸ್ಟಿಕ್ಕಲ್ಲಿ ಸಾಮಾನ್ಯವಾಗಿ ಬಳಸೋ ಚಿಪ್ಪುಗಳ ಬ್ಯಾಂಕ್ ಗುಂಪುಗಳು (ಚಿಪ್ಪಿನೊಳಗೆ ಡೇಟಾ ಇಡೋ ವಿಭಾಗಗಳು) 16 ಜಿಬಿಯದಕ್ಕಿಂತ ಅರ್ಧ, ಹಾಗಾಗಿ ಅವು ಸ್ವಲ್ಪ ಮಂದ. ಆದರೂ ಕಾರ್ಡಿಲ್ಲದ 8600ಜಿ ಥರದ ಮೆಷಿನ್ನಿಗೆ ನಾನು 8ರ ಜೋಡಿಯನ್ನೇ ಹೇಳ್ತೀನಿ. ಎಕ್ಸ್3ಡಿ ಚಿಪ್ಪು, ಒಳ್ಳೆ ಕಾರ್ಡು ಇದ್ದು, ಮುಂದೆ ಅದೇ ಪಾರ್ಟ್ ನಂಬರಿನದು ಹುಡುಕೋ ತಾಳ್ಮೆ ಇರೋನು 16ರ ಒಂದನ್ನ ಹಾಕಿಕೊಂಡರೆ ಬೇಡ ಅನ್ನಲ್ಲ. ಏನು ಬಿಟ್ಟುಕೊಡ್ತಿದ್ದೀನಿ ಅಂತ ಗೊತ್ತಿದ್ದು ಮಾಡಲಿ. ಡಿಡಿಆರ್4 ಬೋರ್ಡ್ ಇರೋರು ದಯವಿಟ್ಟು ಈಗ ಅಲುಗಾಡಬೇಡಿ. ನಿಮ್ಮ ಹಳೇ ಸ್ಟಿಕ್ ಹೊಸ ಬೋರ್ಡಿಗೆ ಹೋಗಲ್ಲ, ಪಿನ್ ಎರಡಕ್ಕೂ 288 ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರಕ್ಕೂ ಒಟ್ಟಿಗೆ ದುಡ್ಡು ಸುರಿಯೋ ಬದಲು ಅದರಲ್ಲಿ ಒಂದು ಪಾಲನ್ನ ಕಾರ್ಡಿಗೆ ಹಾಕಿದರೆ ಆಟದಲ್ಲಿ ಕಣ್ಣಿಗೆ ಕಾಣುತ್ತೆ.

ಸೆಕೆಂಡ್ ಹ್ಯಾಂಡಲ್ಲಿ ಹುಡುಕೋರು ಒಂದು ನೋಡಿಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಾಗಲಿ, ಆನ್‌ಲೈನಾಗಲಿ, 32 ಜಿಬಿ ತೀರಾ ಅಗ್ಗಕ್ಕೆ ಸಿಕ್ತಿದ್ದರೆ ಅದು ಸರ್ವರಿಂದ ಕಳಚಿದ ರಿಜಿಸ್ಟರ್ಡ್ ರ‍್ಯಾಮ್ ಇರಬಹುದು. ಡಿಡಿಆರ್4 ಆದರೆ ಸ್ಲಾಟಲ್ಲಿ ಸಲೀಸಾಗಿ ಕೂರುತ್ತೆ, ಮಾಮೂಲಿ ಡೆಸ್ಕ್‌ಟಾಪ್ ಬೋರ್ಡ್ ಮಾತ್ರ ಬೂಟ್ ಆಗಲ್ಲ. ಲೇಬಲ್ ಮೇಲೆ ಸ್ಪೀಡಿನ ಸಂಖ್ಯೆ ಆದಮೇಲೆ ಬರೋ ಅಡ್ಡಗೆರೆಯ ಪಕ್ಕದಲ್ಲೇ ಆರ್ ಅಕ್ಷರ ಇದೆಯಾ ನೋಡಿ, ಇದ್ದರೆ ವಾಪಸ್ ಇಟ್ಟುಬಿಡಿ. ತಂದಮೇಲೆ ರಾತ್ರಿಯಿಡೀ ಮೆಮೊರಿ ಪರೀಕ್ಷಿಸೋ ಸಾಫ್ಟ್‌ವೇರ್ ಮೆಮ್‌ಟೆಸ್ಟ್86 ಓಡಿಸಿ, ಒಂದೇ ಒಂದು ಎರರ್ ಬಂದರೂ ಮಾರನೇ ದಿನವೇ ಕೊಟ್ಟು ಬನ್ನಿ. ಎಎಂ5 ಬೋರ್ಡಿಗೆ (ರೈಝನ್ 7000, 9000 ಕೂರೋ ಬೋರ್ಡು) ಹೊಸ ಕಿಟ್ ಹಾಕಿದೋರು ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಎಷ್ಟೋ ನಿಮಿಷ ಕಪ್ಪಗೇ ಇದ್ದರೆ ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಅದು ಮೆಮೊರಿ ಟ್ರೈನಿಂಗ್, ಅಂದರೆ ಬೋರ್ಡು ಹೊಸ ಸ್ಟಿಕ್ಕಿಗೆ ಹೊಂದಿಕೊಳ್ಳೋ ಕೆಲಸ, ಮುಗಿಯೋ ತನಕ ಬಿಟ್ಟುಬಿಡಿ.