ವಿಜಯನಗರಕ್ಕೆ ಬೇರೆ ದುಡ್ಡು, ಸೈಕಲ್‌ಗೆ ಬೇರೆ ದುಡ್ಡು

ಡಿಎಲ್‌ಸಿ, ಅಂದ್ರೆ ಗೇಮ್ ತಗೊಂಡ್ಮೇಲೆ ಬೇರೆ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಎಕ್ಸ್‌ಟ್ರಾ ಭಾಗ, ಅಂದ ತಕ್ಷಣ ಕಂಪನಿಯೋರನ್ನ ಬಾಯಿಗೆ ಬಂದಂಗೆ ಬೈಯೋ ಗುಂಪಿಗೆ ನಾನು ಸೇರಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಒಂದು ಗೇಮ್ ತಗೊಂಡು ಹತ್ತು ವರ್ಷ ಆಡ್ತೀನಿ, ಹತ್ತು ವರ್ಷವೂ ಅಪ್‌ಡೇಟ್ ಬರ್ತಾನೇ ಇರ್ಬೇಕು ಅಂದ್ರೆ ಅದನ್ನ ಮಾಡೋರ ಸಂಬಳ ಎಲ್ಲಿಂದ ಬರತ್ತೆ ಅಂತಾನೂ ಯೋಚ್ನೆ ಮಾಡ್ಬೇಕಲ್ವಾ. ನನ್ನ ತಕರಾರು ಬೇರೆ. ಒಂದೊಂದಾಗಿ ದುಡ್ಡು ಕೊಟ್ಟು ಸೇರಿಸ್ಕೊಂಡ ವಿಷಯಗಳನ್ನ, ಪಾರ್ಟ್ 2 ಬಂತು ಅಂತ ಹೇಳಿ ಎಲ್ಲಾ ತೆಗೆದು ಪಕ್ಕಕ್ಕಿಟ್ಟು, ಮತ್ತೆ ಒಂದೊಂದಾಗಿ ಮಾರಕ್ಕೆ ಕೂರ್ತಾರಲ್ಲ, ಉರಿಯೋದು ಅಲ್ಲಿ.

ನಮ್ಮೂರು ಮೈಸೂರು, ಈಗ ಇರೋದು ಸ್ಟಾಕ್‌ಹೋಮ್. ಗೇಮ್ ಹುಚ್ಚು ಇರೋರಿಗೆ ಈ ಊರಿನ ಬಗ್ಗೆ ಹೇಳ್ಬೇಕಾಗಿಲ್ಲ. ಊರ ಮಧ್ಯೆ ಸೋಡರ್ಮಾಲ್ಮ್ ಅಂತ ಒಂದು ದ್ವೀಪ ಇದೆ, ಮೈನ್‌ಕ್ರಾಫ್ಟ್ ಮಾಡಿದ ಮೊಯಾಂಗ್ ಇರೋದೂ ಅಲ್ಲೇ, ಯುರೋಪಾ ಯೂನಿವರ್ಸಾಲಿಸ್, ಕ್ರುಸೇಡರ್ ಕಿಂಗ್ಸ್ ಅಂತ ಹಳೇ ಕಾಲದ ರಾಜ್ಯ ಆಳೋ ಗೇಮ್‌ಗಳನ್ನ ಮಾಡಿದ ಪ್ಯಾರಡಾಕ್ಸ್ ಇರೋದೂ ಅಲ್ಲೇ. ದ್ವೀಪ ಒಂದೇ, ವ್ಯಾಪಾರದ ರೀತಿ ಮಾತ್ರ ಒಂದಕ್ಕೊಂದು ಸಂಬಂಧನೇ ಇಲ್ಲ. ಮೈನ್‌ಕ್ರಾಫ್ಟ್ ಜಾವಾ ಎಡಿಷನ್ 2011ರಲ್ಲಿ ತಗೊಂಡೋರಿಗೆ ಇವತ್ತಿನವರೆಗೂ ದೊಡ್ಡ ಅಪ್‌ಡೇಟ್ ಎಲ್ಲಾ ಫ್ರೀ, ಮೈನ್‌ಕ್ರಾಫ್ಟ್ 2 ಅಂತ ಮಾಡೋ ಗೋಜಿಗೇ ಹೋಗಿಲ್ಲ. (ಮೊಬೈಲ್, ಕನ್ಸೋಲ್‌ಗೂ ಬರೋ ಬೆಡ್‌ರಾಕ್ ಎಡಿಷನ್‌ನಲ್ಲಿ ಸ್ಕಿನ್ನು, ಅಂದ್ರೆ ಹೊರಗಿನ ವೇಷ, ಅದು ಇದು ಮಾರ್ತಾರೆ, ಅದು ಬೇರೆ ಕಥೆ.) ಪ್ಯಾರಡಾಕ್ಸ್‌ನೋರು 2013ರಲ್ಲಿ ಬಿಟ್ಟ ಯುರೋಪಾ 4ಕ್ಕೆ ಡಿಎಲ್‌ಸಿ ಮೇಲೆ ಡಿಎಲ್‌ಸಿ ಹಾಕಿ, ಎಲ್ಲಾನೂ ಫುಲ್ ರೇಟಲ್ಲಿ ತಗೊಂಡ್ರೆ ನೂರಾರು ಡಾಲರ್ ಆಗೋ ಹಾಗೆ ಮಾಡಿಟ್ರು.

ನಮ್ಮ ಆಫೀಸಲ್ಲಿ ಒಬ್ಬ ಸ್ವೀಡಿಷ್ ಇದಾನೆ, ಯುರೋಪಾ 4 ಬಂದಾಗಿಂದ ಆಡ್ತಿರೋನು. ಪ್ರತಿ ಡಿಎಲ್‌ಸಿ ಬಂದಾಗ್ಲೂ ಕಾಫಿ ಟೇಬಲ್ ಹತ್ರ ಅರ್ಧ ಗಂಟೆ ಗೊಣಗ್ತಾನೆ, ಆಮೇಲೆ ಹೋಗಿ ತಗೋತಾನೆ. ಯಾಕಪ್ಪಾ ಅಂದ್ರೆ ಅವನ ಲೆಕ್ಕ ಗಂಟೆ ಮೇಲೆ, ಇಷ್ಟು ಸಾವಿರ ಗಂಟೆ ಆಡಿದೀನಿ, ಗಂಟೆಗೆ ಭಾಗ ಹಾಕಿದ್ರೆ ಸಿನಿಮಾಗಿಂತ ಅಗ್ಗ ಅಂತಾನೆ. 2021ರಲ್ಲಿ ಎಲ್ಲಾ ಡಿಎಲ್‌ಸಿ ಸೇರಿಸಿ ತಿಂಗಳಿಗೆ ಇಷ್ಟು ಅಂತ ಸಬ್‌ಸ್ಕ್ರಿಪ್ಷನ್ ಬಿಟ್ರಲ್ಲ, ಅದೂ ಅವನಿಗೆ ತೀರಾ ಸಹಜ ಅನ್ನಿಸ್ತು, ಜಿಮ್‌ಗೆ ಕಟ್ಟಲ್ವಾ ಹಾಗೆ ಅಂದ.

ಇದೇ ವಿಷಯ ಮೈಸೂರಲ್ಲಿರೋ ಅಕ್ಕನ ಮಗನ ಹತ್ರ ಮಾತಾಡಿ ನೋಡಿ. "ಮಾಮ, ಒಂದ್ಸಲ ದುಡ್ ಕೊಟ್ಮೇಲೆ ನನ್ದು ತಾನೇ? ಇನ್ನೇನ್ ಮತ್ತೆ ಮತ್ತೆ ಕೇಳೋದು?" ಅಷ್ಟೇ ಅವನ ವಾದ. ಅವನು ಲೆಕ್ಕ ಹಾಕೋದು ಪಾಕೆಟ್ ಮನಿ ಮೇಲೆ, ಗಂಟೆಗಿಷ್ಟು ಅನ್ನೋ ಲೆಕ್ಕ ಅವನಿಗೆ ನಗು ತರಿಸತ್ತೆ. ಇಂಜಿನಿಯರಿಂಗ್ ಓದ್ತಿರೋ ಹುಡುಗ, ಗಂಟೆಗಳಿಗೇನು ಬರ, ಬರ ಇರೋದು ದುಡ್ಡಿಗೆ ತಾನೇ.

ಇಬ್ಬರ ರೀತಿಗೂ ಅವರವರ ಊರಿನ ಕಾರಣ ಇದೆ ಅನ್ಸತ್ತೆ ನಂಗೆ. ಇಲ್ಲಿ ಅಂಗಡೀಲಿ ಜಾಕೆಟ್ ತಗೊಂಡು ಮನೆಗೆ ಹೋಗಿ ಹಾಕ್ಕೊಂಡು ನೋಡಿ ಬೇಡ ಅನ್ಸಿದ್ರೆ ರಸೀದಿ ತಗೊಂಡು ಹೋದ್ರೆ ಸಾಕು, ಹೆಚ್ಚಿನ ಕಡೆ ಒಂದು ಮಾತೂ ಕೇಳದೆ ದುಡ್ಡು ವಾಪಸ್ ಕೊಡ್ತಾರೆ. ನಮ್ಮಲ್ಲಿ ಬಿಲ್ ಕೆಳಗೇ ಅಚ್ಚಾಗಿರತ್ತೆ, ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ ಅಂತ. ಆ ಬಿಲ್ ನೋಡ್ಕೊಂಡು ಬೆಳೆದೋರು ಗೇಮ್ ತಗೊಳ್ಳೋಕೆ ಮುಂಚೆ ಎಂಟು ರಿವ್ಯೂ ನೋಡ್ತಾರೆ, ಯೂಟ್ಯೂಬಲ್ಲಿ ಪೂರ್ತಿ ಗೇಮ್‌ಪ್ಲೇನೇ ನೋಡ್ತಾರೆ, ಆಮೇಲೂ ಸೇಲ್‌ಗೆ ಕಾಯ್ತಾರೆ. ಗೇಮ್ ಮಾರೋ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡೀಲಿ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ರೆ ರಿಫಂಡ್ ಇದೆ ಕಣೋ ಅಂದ್ರೂ ಹುಡುಗನಿಗೆ ಪೂರ್ತಿ ನಂಬಿಕೆ ಇಲ್ಲ.

ಆದ್ರೆ ನಮ್ಮೋರ ಒಂದು ಮಾತು ನಾನು ಒಪ್ಪಲ್ಲ, "ಆಗಿನ ಕಾಲದಲ್ಲಿ ಗೇಮ್ ಪೂರ್ತಿ ಬರ್ತಿತ್ತು" ಅನ್ನೋದು. ಎಲ್ಲಿ ಬರ್ತಿತ್ತು ಸ್ವಾಮಿ? ನಾವು ಪಿಯುಸಿ ಓದೋವಾಗ ಸೈಬರ್ ಸೆಂಟರ್‌ನಲ್ಲಿ ಏಜ್ ಆಫ್ ಎಂಪೈರ್ಸ್ 2 ಆಡ್ತಿದ್ವಲ್ಲ, ಆ ಸಿಡೀಲಿ ಕಾಂಕರರ್ಸ್‌ ಕೂಡ ಇರ್ತಿತ್ತು. ಮೂಲ ಗೇಮ್ ಬಂದಿದ್ದು 1999ರಲ್ಲಿ, ಕಾಂಕರರ್ಸ್ 2000ದಲ್ಲಿ ಬಂದ ಬೇರೆ ದುಡ್ಡಿನ ಎಕ್ಸ್‌ಪ್ಯಾನ್ಷನ್. ನಮಗೆ ಎರಡೂ ಒಂದೇ ಕಾಪಿ ಸಿಡೀಲಿ ಸಿಕ್ತು, ಹಂಗಾಗಿ ಪೂರ್ತಿ ಗೇಮ್ ಅನ್ನಿಸ್ತು ಅಷ್ಟೇ. ಕದ್ದ ಮಾಲಲ್ಲಿ ಎಲ್ಲಾನೂ ಪೂರ್ತಿನೇ ಇರತ್ತೆ. ಇನ್ನೊಂದು ತಮಾಷೆ ಅಂದ್ರೆ ಡಿಎಲ್‌ಸಿ ಅಂದ್ರೆ ದರೋಡೆ ಅನ್ನೋ ಇದೇ ಹುಡುಗರು ಬಿಜಿಎಂಐ ಅನ್ನೋ ಮೊಬೈಲ್ ಶೂಟಿಂಗ್ ಗೇಮ್‌ನಲ್ಲಿ ಯುಸಿ (ಆ ಗೇಮ್‌ನೊಳಗಿನ ದುಡ್ಡು) ಹಾಕ್ಸಿ ಗನ್‌ಗೆ ಸ್ಕಿನ್ ತಗೋತಾರೆ, ಅದರಿಂದ ಆಟಕ್ಕೆ ಒಂದು ಎಳ್ಳಷ್ಟೂ ಸೇರಲ್ಲ. 2006ರಲ್ಲಿ ಆಬ್ಲಿವಿಯನ್ ಗೇಮ್‌ನೋರು ಕುದುರೆಗೆ ಕವಚ ಅಂತ ಎರಡೂವರೆ ಡಾಲರ್‌ಗೆ ಮಾರಿದಾಗ ಪ್ರಪಂಚವೆಲ್ಲಾ ನಕ್ಕಿತ್ತು. ಈಗ ನಗೋರು ಯಾರೂ ಇಲ್ಲ, ಎಲ್ಲರ ಕುದುರೆಗೂ ಕವಚ ಇದೆ.

ಹಾಗಾದ್ರೆ ಯಾವ ಡಿಎಲ್‌ಸಿ ಸರಿ, ಯಾವುದು ಸರಿ ಇಲ್ಲ? ಕ್ರುಸೇಡರ್ ಕಿಂಗ್ಸ್ 2ಕ್ಕೆ 2014ರಲ್ಲಿ ರಾಜಾಸ್ ಆಫ್ ಇಂಡಿಯಾ ಅಂತ ಬಂತು. ಮ್ಯಾಪ್ ದೊಡ್ಡದಾಗಿ ಇಂಡಿಯಾ ಸೇರ್ಕೊಂಡಿದ್ದು ಎಲ್ಲರಿಗೂ ಫ್ರೀ, ಆದ್ರೆ ಅಲ್ಲಿನ ಹಿಂದೂ, ಬೌದ್ಧ, ಜೈನ ರಾಜರಾಗಿ ಆಡ್ಬೇಕಂದ್ರೆ ದುಡ್ಡು ಕೊಡ್ಬೇಕು. ನಾನು ಕಣ್ಮುಚ್ಕೊಂಡು ಕೊಟ್ಟೆ, 1066ರಲ್ಲಿ ಕಲ್ಯಾಣದ ಚಾಲುಕ್ಯರಾಗಿ ಚೋಳರ ಮೇಲೆ ಹೋಗೋದು ಅಂದ್ರೆ ಸುಮ್ನೇನಾ. ಗೇಮ್ ಬಂದಾಗ ಇಂಡಿಯಾ ಇರ್ಲೇ ಇಲ್ಲ, ಹೊಸದಾಗಿ ಮಾಡಿದ್ರು, ಮಾಡಿದ್ದಕ್ಕೆ ಕಾಸು ತಗೊಂಡ್ರು, ಅದು ನ್ಯಾಯ. ಅದಕ್ಕಿಂತ ಮುಖ್ಯವಾದ್ದು ಏನಂದ್ರೆ 2020ರಲ್ಲಿ ಕ್ರುಸೇಡರ್ ಕಿಂಗ್ಸ್ 3 ಬಂದಾಗ ಇಂಡಿಯಾ ಬೇಸ್ ಗೇಮ್‌ನಲ್ಲೇ ಇತ್ತು, ಮುಸ್ಲಿಂ ರಾಜರು, ಪೇಗನ್ ರಾಜರು, ಹಿಂದೆ ಬೇರೆ ಬೇರೆ ಡಿಎಲ್‌ಸಿಲಿ ಮಾರಿದ್ದೆಲ್ಲಾ ಮೊದಲ ದಿನದಿಂದಲೇ ಆಡಬಹುದಿತ್ತು. ಎಲ್ಲಾನೂ ತಂದ್ರು ಅಂತಲ್ಲ, ವ್ಯಾಪಾರಿಗಳ ಗಣರಾಜ್ಯ ಆಡೋದು ಹಳೇದರಲ್ಲಿತ್ತು, ಹೊಸದರಲ್ಲಿ ಇರ್ಲಿಲ್ಲ, ಅದಕ್ಕೆ ಬೈದೋರೂ ಇದಾರೆ. ಆದ್ರೂ ಹಳೇದರಲ್ಲಿ ದುಡ್ಡು ಹಾಕಿದೋನು ಮುಂದಿನದಕ್ಕೆ ಹೋದಾಗ ತನ್ನ ರಾಜ್ಯ ಅಲ್ಲೇ ಇರೋದನ್ನ ನೋಡಿದ, ನನ್ನ ಪ್ರಕಾರ ಅಷ್ಟಿದ್ರೆ ಸಾಕು.

ಯುರೋಪಾ 4ರಲ್ಲಿ ಎರಡೂ ಥರ ಇದೆ. ಆ ಗೇಮ್ ಶುರುವಾಗೋದು 1444ರಲ್ಲಿ, ಅಂದ್ರೆ ಇಮ್ಮಡಿ ದೇವರಾಯನ ಕಾಲ, ವಿಜಯನಗರವನ್ನ ಬೇಸ್ ಗೇಮಲ್ಲೇ ಆಡಬಹುದು. 2018ರಲ್ಲಿ ಧರ್ಮ ಅನ್ನೋ ಡಿಎಲ್‌ಸಿ ಬಂದು ಇಂಡಿಯಾದ ರಾಜ್ಯಗಳಿಗೆ ಅವರದ್ದೇ ಮಿಷನ್‌ಗಳು, ಅಂದ್ರೆ ಆಟದಲ್ಲಿ ಸಾಧಿಸ್ಬೇಕಾದ ಗುರಿಗಳು, ಬಂದ್ವು, ಸಂತೋಷವಾಗಿ ತಗೊಂಡೆ. ಆದ್ರೆ 2015ರಲ್ಲಿ ಕಾಮನ್ ಸೆನ್ಸ್ ಅಂತ ಒಂದು ಬಂತು ನೋಡಿ, ಪ್ರಾಂತ್ಯಗಳಿಗೆ ಡೆವಲಪ್‌ಮೆಂಟ್ ಅನ್ನೋ ಅಂಕಿಯನ್ನ ಫ್ರೀ ಪ್ಯಾಚಲ್ಲಿ, ಅಂದ್ರೆ ಅಪ್‌ಡೇಟಲ್ಲಿ, ಎಲ್ಲರಿಗೂ ಹಾಕಿದ್ರು, ಅದನ್ನ ಏರಿಸೋ ಬಟನ್ ಮಾತ್ರ ಆಗ ಡಿಎಲ್‌ಸಿ ತಗೊಂಡೋರಿಗೆ. ಕಾಮನ್ ಸೆನ್ಸ್‌ಗೂ ದುಡ್ಡಾ ಅಂತ ಆಗ ಎಲ್ಲರೂ ಜೋಕ್ ಮಾಡಿದ್ದು ಸುಮ್ನೆ ಅಲ್ಲ. ಬೆಂಗಳೂರಲ್ಲಿ ಫ್ಲ್ಯಾಟ್ ತಗೊಂಡೋರಿಗೆ ಇದು ಥಟ್ ಅಂತ ಅರ್ಥ ಆಗತ್ತೆ, ಜಾಹೀರಾತಲ್ಲಿ ಬೇಸ್ ಪ್ರೈಸ್, ಸೈನ್ ಹಾಕಕ್ಕೆ ಕೂತಾಗ ಕಾರ್ ಪಾರ್ಕಿಂಗ್ ಬೇರೆ, ಫ್ಲೋರ್ ರೈಸ್ ಬೇರೆ, ಕ್ಲಬ್ ಹೌಸ್ ಬೇರೆ, ಕಾವೇರಿ ನೀರು ಬೇರೆ. ಕ್ಲಬ್ ಹೌಸ್‌ಗೆ ಬೇರೆ ಕೇಳಿದ್ರೆ ಸರಿ ಬಿಡಿ, ನೀರಿಗೆ ಕೇಳ್ತೀರಲ್ಲ!

ಭಾನುವಾರ ಮಧ್ಯಾಹ್ನ, ಅಲ್ಲಿ ಸಂಜೆ, ನಾನೂ ಅಕ್ಕನ ಮಗನೂ ಒಟ್ಟಿಗೆ ಯುರೋಪಾ 4 ಆಡ್ತೀವಿ. ಪ್ಯಾರಡಾಕ್ಸ್‌ನೋರದ್ದು ಒಂದು ಒಳ್ಳೆ ಪದ್ಧತಿ ಇದೆ, ಇದನ್ನ ಯಾರೂ ಹೊಗಳಲ್ಲ, ಮಲ್ಟಿಪ್ಲೇಯರ್‌ನಲ್ಲಿ ಹೋಸ್ಟ್ ಮಾಡೋನ, ಅಂದ್ರೆ ಆಟ ಶುರು ಮಾಡಿ ಬೇರೆಯೋರನ್ನ ಸೇರಿಸ್ಕೊಳ್ಳೋನ, ಹತ್ರ ಯಾವ ಡಿಎಲ್‌ಸಿ ಇದ್ಯೋ ಅದು ಆ ಆಟಕ್ಕೆ ಸೇರಿದ ಎಲ್ಲರಿಗೂ ಸಿಗತ್ತೆ. ಹಂಗಾಗಿ ಹೋಸ್ಟ್ ಯಾವಾಗ್ಲೂ ನಾನೇ. ಅವನು ವಿಜಯನಗರ, ನಾನು ಎಲ್ಲೋ ದೂರದಲ್ಲಿ ಸ್ವೀಡನ್. ಸ್ಪೀಕರ್ ಹಾಕ್ಕೊಂಡು "ಮಾಮ, ಬಹಮನಿಯೋರು ರಾಯಚೂರು ಕಡೆ ಸೇನೆ ತಂದವ್ರೆ, ಲೋನ್ ತಗೊಳ್ಲಾ?" ಅಂತ ಕೂಗ್ತಾನೆ, ಹಿಂದೆ ಅಕ್ಕ "ಯಾವ ಲೋನೋ ಅದು?" ಅಂತ ಗಾಬರಿ ಬೀಳ್ತಾಳೆ. ವಾರದ ಮಧ್ಯೆ ಅವನೊಬ್ಬನೇ ಆಡಿದ್ರೆ ಅದೇ ವಿಜಯನಗರಕ್ಕೆ ಆ ಮಿಷನ್‌ಗಳಿಲ್ಲ, ಎಲ್ಲಾ ದೇಶಕ್ಕೂ ಕೊಡೋ ಸಾಮಾನ್ಯ ಪಟ್ಟಿ ಬರತ್ತೆ. "ನೀನಿದ್ರೆ ಮಾತ್ರ ಹಂಪಿ, ಇಲ್ದಿದ್ರೆ ಬರೀ ಮ್ಯಾಪು" ಅಂದ ಒಂದ್ಸಲ. ಒಬ್ಬರು ತಗೊಂಡು ಮನೆಮಂದಿಯೆಲ್ಲಾ ಬಳಸೋದು ನಮಗೆ ಹೊಸದೇನಲ್ಲ. ನಮ್ಮ ಸ್ವೀಡಿಷ್ ಗೆಳೆಯ ಮತ್ತೆ ಅವನ ತಮ್ಮ ಇಬ್ಬರೂ ಒಂದೇ ಡಿಎಲ್‌ಸಿನ ಬೇರೆ ಬೇರೆ ತಗೊಂಡಿದಾರೆ, ಕೇಳಿದ್ರೆ ಅವನ ಅಕೌಂಟ್ ಅವನದ್ದು ಅಂತಾನೆ.

ಇನ್ನು ಸೈಕಲ್ ವಿಷಯ. ಸಿಟೀಸ್ ಸ್ಕೈಲೈನ್ಸ್ ಅನ್ನೋ ನಗರ ಕಟ್ಟೋ ಗೇಮ್ ಮಾಡಿದ್ದು ಫಿನ್‌ಲ್ಯಾಂಡಿನ ಟಾಂಪೆರೆ ಊರಿನ ಕೊಲಾಸಲ್ ಆರ್ಡರ್ ಅನ್ನೋ ಸಣ್ಣ ಕಂಪನಿ, ಪಬ್ಲಿಷ್ ಮಾಡಿದ್ದು ಪ್ಯಾರಡಾಕ್ಸ್. 2015ರ ಮಾರ್ಚ್‌ನಲ್ಲಿ ಬಂತು, 30 ಡಾಲರ್, ಬೆಣ್ಣೆಯಂಥಾ ಗೇಮ್. ಅದೇ ವರ್ಷ ಆಫ್ಟರ್ ಡಾರ್ಕ್ ಅನ್ನೋ ಡಿಎಲ್‌ಸಿಲಿ ಸೈಕಲ್ಲು, ಸೈಕಲ್ ಲೇನು ಬಂತು, ದುಡ್ಡು ಕೊಟ್ವಿ. ಆಮೇಲೆ ಹಿಮ, ಪಾರ್ಕು, ಫ್ಯಾಕ್ಟ್ರಿ, ಕಾಲೇಜು, ಏರ್‌ಪೋರ್ಟು ಅಂತ ವರ್ಷ ವರ್ಷ ಬರ್ತಾನೇ ಇತ್ತು, ಅದಕ್ಕೂ ಕೊಟ್ವಿ. 2023ರ ಅಕ್ಟೋಬರ್‌ನಲ್ಲಿ ಪಾರ್ಟ್ 2 ಬಂತು, 50 ಡಾಲರ್. ಒಳ್ಳೊಳ್ಳೆ ಕಂಪ್ಯೂಟರಲ್ಲೂ ಕುಂಟ್ಕೊಂಡು ಓಡ್ತಿತ್ತು, ಅದಾದ್ರೂ ಪ್ಯಾಚಲ್ಲಿ ಸರಿ ಹೋಗತ್ತೆ ಅನ್ಕೋಬಹುದು. ಆದ್ರೆ ಸೈಕಲ್ಲೇ ಇಲ್ಲ. ಉತ್ತರ ಯುರೋಪಿನೋರು ಮಾಡಿದ ನಗರ ಕಟ್ಟೋ ಆಟ, ಅದರಲ್ಲಿ ಒಬ್ಬನೇ ಒಬ್ಬ ಸೈಕಲ್ ತುಳಿಯಲ್ಲ. 2017ರಲ್ಲೇ ಟ್ರಿನ್ ಟ್ರಿನ್ ಅಂತ ಬಾಡಿಗೆ ಸೈಕಲ್ ಬಿಟ್ಟಿತ್ತು ನಮ್ಮ ಮೈಸೂರು! ಹುಡುಗ ಮೈಸೂರನ್ನೇ ಕಟ್ತೀನಿ ಅಂತ ಹೊರಟೋನು ಅಲ್ಲಿಗೇ ಕೈಬಿಟ್ಟ.

ಗಾಯದ ಮೇಲೆ ಬರೆ ಅಂದ್ರೆ 2024ರ ಮಾರ್ಚ್‌ನಲ್ಲಿ ಬೀಚ್ ಪ್ರಾಪರ್ಟೀಸ್ ಅಂತ ಮೊದಲ ಡಿಎಲ್‌ಸಿ ಬಿಟ್ರು. ಗೇಮೇ ಸರಿಯಾಗಿ ಓಡ್ತಿಲ್ಲ, ಅಷ್ಟರಲ್ಲಿ ಕಡಲ ಬದಿ ಮನೆಗಳು, ತಾಳೆ ಜಾತಿ ಮರಗಳು, ಜನ ಹೋಗಿ ಕೂರೋಕೆ ಬೀಚ್ ಮಾತ್ರ ಅದರಲ್ಲಿ ಇಲ್ಲ. ಬಿತ್ತು ನೋಡಿ ಬೈಗುಳ. ಒಂದೇ ತಿಂಗಳಲ್ಲಿ ಎರಡೂ ಕಂಪನಿಯೋರು ಕ್ಷಮೆ ಕೇಳಿ, ತಗೊಂಡೋರಿಗೆ ರಿಫಂಡ್ ಅಂತ ಹೇಳಿ, ಅದನ್ನ ಎಲ್ಲರಿಗೂ ಫ್ರೀ ಮಾಡಿದ್ರು. ಇದನ್ನ ನೋಡಿ ನಮ್ಮ ಸ್ವೀಡಿಷ್ ಗೆಳೆಯ ಅಂದಿದ್ದು, ನೋಡು ಸಿಸ್ಟಮ್ ಕೆಲ್ಸ ಮಾಡ್ತು, ನಾವು ಹೇಳಿದ್ವಿ ಅವ್ರು ಕೇಳಿದ್ರು. ಮೈಸೂರಿಂದ ಬಂದಿದ್ದು, "ಅದಕ್ಕೇ ನಾನ್ ಫಸ್ಟ್ ಡೇ ತಗೊಳ್ಳಲ್ಲ ಅನ್ನೋದು". ಈ ವಿಷಯದಲ್ಲಿ ನನ್ನ ಓಟು ಮೈಸೂರಿಗೆ. ಬೈದು ಬೈದು ಕ್ಷಮೆ ಕೇಳಿಸ್ಕೊಳ್ಳೋ ಕೆಲ್ಸ ದುಡ್ಡು ಕೊಟ್ಟೋನದ್ದು ಯಾಕಾಗ್ಬೇಕು? ಹಾಗಂತ ಬೈದಿದ್ದು ವೇಸ್ಟ್ ಅಂತಾನೂ ಅಲ್ಲ, 2017ರಲ್ಲಿ ಹಲವು ದೇಶಗಳಲ್ಲಿ ಪ್ಯಾರಡಾಕ್ಸ್ ರೇಟ್ ಏರಿಸಿದಾಗ ಜನ ಕೂಗಾಡಿದ್ದಕ್ಕೇ ಇಳಿಸಿದ್ದು.

ಸೈಕಲ್ ಕೊನೆಗೂ ಬಂತು, 2025ರ ಕೊನೆಗೆ, ಫ್ರೀ ಪ್ಯಾಚಲ್ಲಿ. ಅದೇ ಹೊತ್ತಿಗೆ ಕೊಲಾಸಲ್ ಆರ್ಡರ್‌ಗೂ ಪ್ಯಾರಡಾಕ್ಸ್‌ಗೂ ಸಂಬಂಧ ಮುಗೀತು, 2026ರಿಂದ ಗೇಮ್ ನೋಡ್ಕೊಳ್ಳೋದು ಅದೇ ಟಾಂಪೆರೆಯ ಐಸ್‌ಫ್ಲೇಕ್ ಸ್ಟುಡಿಯೋ ಅಂತ ಅನೌನ್ಸ್ ಆಯ್ತು. ಅಷ್ಟು ವರ್ಷ ಆ ಗೇಮ್ ಸಾಕಿದೋರನ್ನ ನೆನೆಸ್ಕೊಂಡ್ರೆ ಬೇಜಾರೂ ಆಗತ್ತೆ. ಹೊಸ ಗೇಮ್ ಅಂದ್ರೆ ಕೋಡ್ ಎಲ್ಲಾ ಹೊಸದಾಗಿ ಬರೀಬೇಕು, ಎಂಟು ವರ್ಷ ಸೇರಿಸಿದ್ದೆಲ್ಲಾ ಒಂದೇ ದಿನಕ್ಕೆ ಬರಲ್ಲ, ಅದು ನಿಜ. ಆದ್ರೆ ಬರಲ್ಲ ಅನ್ನೋದಾದ್ರೆ ಬೆಲೇಲೂ ಅದು ಕಾಣ್ಬೇಕು, ಹಳೇ ಡಿಎಲ್‌ಸಿ ತಗೊಂಡೋರಿಗೆ ಒಂದಿಷ್ಟು ರಿಯಾಯಿತಿ ಆದ್ರೂ ಇರ್ಬೇಕು. ಸೀಕ್ವೆಲ್‌ನಲ್ಲಿ ಬದಲಾವಣೆ ಬೇಡ ಅಂತ ಯಾರೂ ಅಂತಿಲ್ಲ, ಹಳೇದರ ಬೇಸಿಕ್ ವಿಷಯ ಉಳಿಸ್ಕೊಂಡು ಬದಲಾಯಿಸ್ರಪ್ಪಾ ಅಂತ ಅಷ್ಟೇ.

ಈಗ ಯುರೋಪಾ 5 ಬಂದಿದೆ, 2025ರ ನವೆಂಬರ್ 4ಕ್ಕೆ ಬಿಟ್ರು, ಶುರುವಾಗೋದು 1337ರಲ್ಲಿ. ವಿಜಯನಗರ ಹುಟ್ಟಿದ್ದು 1336 ಅಂತ ಸ್ಕೂಲಲ್ಲಿ ಓದಿದ್ದು ನೆನಪಿರ್ಬೇಕಲ್ಲ, ಅಂದ್ರೆ ಒಂದು ವರ್ಷದ ಕೂಸು. ಮುಂದೆ ಬರೋ ಡಿಎಲ್‌ಸಿಗಳನ್ನೂ ಸೇರಿಸಿ ಪ್ರೀಮಿಯಂ ಎಡಿಷನ್ ಅಂತ ಮೊದಲೇ ಮಾರಕ್ಕಿಟ್ಟಿದ್ರು, ಇನ್ನೂ ಮಾಡ್ದೇ ಇರೋದಕ್ಕೆ ದುಡ್ಡು ಯಾಕೆ ಅಂತ ನಾನು ಬೇಸ್ ಮಾತ್ರ ತಗೊಂಡೆ, ಆಫೀಸಿನವನು ಪ್ರೀಮಿಯಂ ತಗೊಂಡು ಕಾಫಿ ಟೇಬಲ್‌ನಲ್ಲಿ ಈಗಾಗ್ಲೇ ಗೊಣಗಕ್ಕೆ ಶುರು ಮಾಡಿದಾನೆ. ಅಕ್ಕನ ಮಗ ಸೇಲ್ ಕಾಯ್ತಿದಾನೆ. ಅವನ ಲ್ಯಾಪ್‌ಟಾಪಲ್ಲಿ ಅದು ಓಡಲ್ಲ ಅಂತ ಇಬ್ಬರಿಗೂ ಗೊತ್ತು, ಹೊಸ ಕಂಪ್ಯೂಟರ್ ಪ್ರಾಜೆಕ್ಟ್ ವರ್ಕ್‌ಗೆ ಬೇಕೇ ಬೇಕು ಅಂತ ಅಕ್ಕನ ಹತ್ರ ನಾನೇ ಮಾತಾಡ್ಬೇಕಂತೆ.