ಎಂಬತ್ತೇಳು ರನ್ನಿನ ಆಚೆಯ ಶ್ರೀನಾಥ್

ಕಳೆದ ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಅಕ್ಕನ ಮಗ, ಎಂಜಿನಿಯರಿಂಗ್ ಮೂರನೆಯ ವರ್ಷದವನು, ಅನ್ನ ಕಲಸುತ್ತಾ ವೇಗದ ಬೌಲರ್ ಬೂಮ್ರಾ ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ. "ಇಂಗ್ಲೆಂಡಿಗೆ ಹೋಗಿ ಐದು ಟೆಸ್ಟ್‌ಗಳಲ್ಲಿ ಮೂರನ್ನು ಮಾತ್ರ ಆಡುವುದೆಂದರೆ ಏನು ಮಾವ? ನಿಮ್ಮ ಕಾಲದವರು ಹೀಗೆ ರಜೆ ಹಾಕುತ್ತಿದ್ದರಾ?"

"ನಮ್ಮ ಮೈಸೂರಿನ ವೇಗದ ಬೌಲರ್ ಜಾವಗಲ್ ಶ್ರೀನಾಥ್ ಹಾಕಲಿಲ್ಲ" ಎಂದೆ.

"ಯಾರು, ಫೈನಲ್‌ನಲ್ಲಿ 87 ರನ್ ಕೊಟ್ಟವರಾ?"

ಅಕ್ಕ ಹುಳಿ ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು ನನ್ನ ಮುಖ ನೋಡಿದಳು. ತಮ್ಮ ತಟ್ಟೆ ಬಿಟ್ಟು ಏಳುತ್ತಾನೆ ಎಂದುಕೊಂಡಿರಬೇಕು. ನಾನು ಏಳಲಿಲ್ಲ. ಆದರೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಇನ್ನೂ ಕುಳಿತಿದೆ, ಅದಕ್ಕೇ ಈ ಬರಹ.

ಹುಡುಗ ಹೇಳಿದ್ದು ಸುಳ್ಳಲ್ಲ. 2003ರ ಮಾರ್ಚ್ 23, ಜೊಹಾನೆಸ್‌ಬರ್ಗ್, ಆಸ್ಟ್ರೇಲಿಯಾ ವಿರುದ್ಧ ವಿಶ್ವಕಪ್ ಫೈನಲ್. ಹತ್ತು ಓವರ್, 87 ರನ್, ವಿಕೆಟ್ ಇಲ್ಲ. ಭಾರತದ ಪರ ಅದೇ ಅವರ ಕೊನೆಯ ಪಂದ್ಯ. ಆಗ ಅವರಿಗೆ ಮೂವತ್ತಮೂರು ದಾಟಿತ್ತು. ಹಿಂದಿನ ವರ್ಷವೇ ಟೆಸ್ಟ್ ಸಾಕು ಎಂದಿದ್ದವರನ್ನು ನಾಯಕ ಗಂಗೂಲಿ ಒಲಿಸಿ ಮರಳಿ ಕರೆತಂದಿದ್ದರು. ಅದೇ ವಿಶ್ವಕಪ್‌ನಲ್ಲಿ ಅವರು 16 ವಿಕೆಟ್ ಪಡೆದಿದ್ದರು. ಶ್ರೀಲಂಕಾ ವಿರುದ್ಧ 35 ರನ್ನಿಗೆ ನಾಲ್ಕು ವಿಕೆಟ್ ಉರುಳಿಸಿದ್ದೂ ಅದೇ ಊರಿನ ಮೈದಾನದಲ್ಲಿ, ಫೈನಲ್‌ಗೆ ಎರಡು ವಾರವೂ ಇಲ್ಲದಾಗ. ಅದು ಯಾರಿಗೂ ನೆನಪಿಲ್ಲ. ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಪಾಂಟಿಂಗ್ ಬಾರಿಸಿದ್ದು ಮಾತ್ರ, ಆ ಪಂದ್ಯ ನಡೆದಾಗ ಹುಟ್ಟಿಯೇ ಇರದ ಹುಡುಗನಿಗೂ ಗೊತ್ತು.

ಅಂಕಿಗಳನ್ನು ಒಮ್ಮೆ ಹೇಳಿ ಮುಗಿಸುತ್ತೇನೆ. 67 ಟೆಸ್ಟ್, 236 ವಿಕೆಟ್. 229 ಏಕದಿನ ಪಂದ್ಯ, 315 ವಿಕೆಟ್. ಏಕದಿನದಲ್ಲಿ ಮುನ್ನೂರು ದಾಟಿದ ಭಾರತದ ವೇಗದ ಬೌಲರ್ ಇಂದಿಗೂ ಅವರೊಬ್ಬರೇ. ಆದರೂ ಈ ಅಂಕಿಗಳನ್ನು ಅವರ ಅಳತೆ ಎಂದು ನಾನು ಒಪ್ಪುವುದಿಲ್ಲ. ಇದು ಕಳೆದದ್ದು ಕಳೆದು ಉಳಿದ ಲೆಕ್ಕ.

ಕಳೆದದ್ದು ಯಾವುದು ಎಂದರೆ, ಮೊದಲಿಗೆ ಮೂರು ವರ್ಷ. 1989-90ರಲ್ಲಿ ಕರ್ನಾಟಕದ ಪರ ಆಡಿದ ಮೊದಲ ಪಂದ್ಯದಲ್ಲೇ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್ ಪಡೆದ ಹುಡುಗ, ನಮ್ಮ ಮೈಸೂರಿನ ಎಸ್‌ಜೆಸಿಇ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವನು, 1991ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಆಡಿದ. ಮೈಸೂರಿನಲ್ಲಿ ನಾವು ರಾತ್ರಿಯೋ ಬೆಳಗಿನ ಜಾವವೋ ತಿಳಿಯದ ಹೊತ್ತಿನಲ್ಲಿ ಎದ್ದು ರೇಡಿಯೊ ತಿರುಗಿಸುತ್ತಿದ್ದೆವು. ಹೊರದೇಶದಲ್ಲಿ ಅವರಿಗೆ ಚೆಂಡು ಸಿಕ್ಕಿತು. ಆದರೆ ತಂಡ ತವರಿಗೆ ಬಂದ ಕೂಡಲೇ ಬೆಂಚು. 1993ರಲ್ಲಿ ಇಂಗ್ಲೆಂಡ್ ಬಂತು, ಜಿಂಬಾಬ್ವೆ ಬಂತು, 94ರಲ್ಲಿ ಶ್ರೀಲಂಕಾ ಬಂತು. ಒಟ್ಟು ಏಳು ಟೆಸ್ಟ್. ಮೂವರು ಸ್ಪಿನ್ನರ್‌ಗಳು, ಜೊತೆಗೆ ಕಪಿಲ್ ಮತ್ತು ಪ್ರಭಾಕರ್. ಇಪ್ಪತ್ತಮೂರು, ಇಪ್ಪತ್ತನಾಲ್ಕರ ಪ್ರಾಯದಲ್ಲಿ ದೇಶದ ಅತಿ ವೇಗದ ಬೌಲರ್ ನೀರಿನ ಬಾಟಲಿ ಹಿಡಿದು ಓಡುತ್ತಿದ್ದರು.

ಕಪಿಲ್ ಬಗ್ಗೆ ಕೆಟ್ಟ ಮಾತು ಆಡುವಷ್ಟು ಕೃತಘ್ನ ನಾನಲ್ಲ. ನ್ಯೂಜಿಲೆಂಡಿನ ಹ್ಯಾಡ್ಲಿಯ 431 ಟೆಸ್ಟ್ ವಿಕೆಟ್‌ಗಳ ದಾಖಲೆಯನ್ನು ಅವರು ದಾಟಿದ ದಿನ ನಮ್ಮ ಬೀದಿಯಲ್ಲಿ ಪಟಾಕಿ ಹಚ್ಚಿದವರಲ್ಲಿ ನಾನೂ ಇದ್ದೆ. ಆದರೆ ಹಿರಿಯರೊಬ್ಬರ ದಾಖಲೆಯ ಕಡೆಯ ಮೆಟ್ಟಿಲುಗಳಿಗೆ ಕಿರಿಯನೊಬ್ಬನ ಅತ್ಯುತ್ತಮ ವರ್ಷಗಳು ಕಲ್ಲಾಗಿ ಬಿದ್ದವು ಎಂಬುದೂ ನಿಜ. ಬ್ಯಾಟರ್‌ನಿಂದ ಮೂರು ವರ್ಷ ಕಿತ್ತುಕೊಂಡರೆ ಮೂವತ್ತೈದರಲ್ಲಿ ತೀರಿಸಿಕೊಳ್ಳಬಹುದು. ವೇಗದ ಬೌಲರ್ ಎಲ್ಲಿಂದ ತರಬೇಕು? ಕೊನೆಗೂ 1994ರ ನವೆಂಬರ್‌ನಲ್ಲಿ, ಕಪಿಲ್ ನಿವೃತ್ತರಾದ ಮೇಲೆ, ಮುಂಬೈಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ತವರಿನ ಮೊದಲ ಟೆಸ್ಟ್ ಸಿಕ್ಕಿತು. ಐದು ವಿಕೆಟ್ ಕಿತ್ತು, ಮೇಲೆ ಬ್ಯಾಟಿನಿಂದ 60 ರನ್ನನ್ನೂ ಹೊಡೆದರು. ಸಿಟ್ಟು ತೀರಿಸಿಕೊಂಡರು ಎಂದು ನಾವು ನಕ್ಕೆವು.

ಅವರ ಚೆಂಡುಗಾರಿಕೆ ಎಂದರೆ ನನಗೆ 1996ರ ಅಹಮದಾಬಾದ್. ದಕ್ಷಿಣ ಆಫ್ರಿಕಾ ಗೆಲ್ಲಲು ಬೇಕಿದ್ದುದು 170. ನೆಲಕ್ಕೆ ಅಂಟಿಕೊಂಡ, ಸ್ಪಿನ್ನರ್‌ಗಳಿಗೆಂದೇ ಒಣಗಿಸಿಟ್ಟಂಥ ಪಿಚ್. ಅದರ ಮೇಲೆ ಹಡ್ಸನ್ ಮತ್ತು ಕಲಿನನ್ ಒಂದರ ಹಿಂದೊಂದು ಎಸೆತಕ್ಕೆ ಹೋದರು. ಕೊನೆಗೆ 21 ರನ್ನಿಗೆ ಆರು ವಿಕೆಟ್. ಎದುರಾಳಿ 105ಕ್ಕೆ ಮುಗಿಯಿತು. ವೇಗದ ಬೌಲರ್‌ಗೆ ಪಿಚ್ ಸಹಾಯ ಮಾಡದಿದ್ದರೆ ಗಾಳಿಯಲ್ಲೇ ಕೆಲಸ ಮುಗಿಸಬೇಕು, ಒಳಕ್ಕೆ ನುಗ್ಗಿ ಬರುವ ಚೆಂಡಿನಿಂದ ಕಾಲನ್ನೋ ಸ್ಟಂಪನ್ನೋ ಹುಡುಕಬೇಕು. ಅದನ್ನು ಅಲ್ಲಿ ಕಂಡೆ.

ಇನ್ನು ಕೋಲ್ಕತ್ತಾದ ಈಡನ್ ಗಾರ್ಡನ್ಸ್. ಆ ಮೈದಾನಕ್ಕೂ ಅವರಿಗೂ ಏನೋ ಹಳೆಯ ಋಣವಿರಬೇಕು. 1996ರ ವಿಶ್ವಕಪ್ ಸೆಮಿಫೈನಲ್‌ನ ಮೊದಲ ಓವರ್‌ನಲ್ಲೇ ಶ್ರೀಲಂಕಾದ ಕಲುವಿತರಣ, ಜಯಸೂರ್ಯ ಇಬ್ಬರನ್ನೂ ಥರ್ಡ್‌ಮ್ಯಾನ್‌ನಲ್ಲಿ ಹಿಡಿಸಿಕೊಟ್ಟವರು ಶ್ರೀನಾಥ್. ಭಾರತ ಸೋತ ಆ ರಾತ್ರಿಯಿಂದ ನೆನಪಿನಲ್ಲಿ ಉಳಿದದ್ದು ಪ್ರೇಕ್ಷಕರು ಎಸೆದ ಬಾಟಲಿ, ಹಚ್ಚಿದ ಬೆಂಕಿ, ಬ್ಯಾಟರ್ ಕಾಂಬ್ಳಿಯ ಕಣ್ಣೀರು. 1999ರ ಫೆಬ್ರುವರಿಯಲ್ಲಿ ಅಲ್ಲಿಯೇ ಪಾಕಿಸ್ತಾನದ ವಿರುದ್ಧ ಟೆಸ್ಟ್. ಮೊದಲ ದಿನ ಬೆಳಿಗ್ಗೆ ಪಾಕಿಸ್ತಾನ 26ಕ್ಕೆ ಆರು. ಶ್ರೀನಾಥ್‌ಗೆ ಮೊದಲ ಇನಿಂಗ್ಸ್‌ನಲ್ಲಿ ಐದು, ಎರಡನೆಯದರಲ್ಲಿ 86ಕ್ಕೆ ಎಂಟು. ಒಂದು ಟೆಸ್ಟ್‌ನಲ್ಲಿ ಹದಿಮೂರು ವಿಕೆಟ್! ಸಯೀದ್ ಅನ್ವರ್ 188 ರನ್ ಹೊಡೆದು ಔಟಾಗದೆ ನಿಂತರು, ಭಾರತ 46 ರನ್ನಿಂದ ಸೋತಿತು. ಈಗ ಆ ಪಂದ್ಯ ಎಂದರೆ ತೆಂಡೂಲ್ಕರ್ ರನೌಟ್ ಮತ್ತು ಖಾಲಿ ಮಾಡಿಸಿದ ಗ್ಯಾಲರಿ. ಅದೇ ತಿಂಗಳ ಆರಂಭದಲ್ಲಿ ದೆಹಲಿಯಲ್ಲಿ, ಒಂದೇ ಇನಿಂಗ್ಸ್‌ನ ಒಂಬತ್ತೂ ವಿಕೆಟ್ ಪಡೆದಿದ್ದ ಕುಂಬ್ಳೆಗೆ ಹತ್ತನೆಯ ವಿಕೆಟ್ ಉಳಿಯಲೆಂದು ಇದೇ ಮನುಷ್ಯ ಬೇಕೆಂದೇ ಸ್ಟಂಪಿನಿಂದ ದೂರ ಎಸೆದಿದ್ದರು.

ಈ ಎರಡು ಈಡನ್‌ಗಳ ನಡುವೆ ಒಂದು ಭುಜ ಇದೆ. 1996ರಲ್ಲಿ ಅವರನ್ನು ಎಡೆಬಿಡದೆ ದುಡಿಸಿಕೊಂಡರು. 97ರ ಆರಂಭದಲ್ಲಿ ಬಲಭುಜ ಕೈಕೊಟ್ಟಿತು. ವೆಸ್ಟ್ ಇಂಡೀಸ್ ಸರಣಿ ತಪ್ಪಿತು, ಶಸ್ತ್ರಚಿಕಿತ್ಸೆಯಾಯಿತು, ತಿಂಗಳುಗಟ್ಟಲೆ ಮನೆಯಲ್ಲಿ ಕೂರಬೇಕಾಯಿತು. ಆ ಹದಿಮೂರು ವಿಕೆಟ್ ಬಂದದ್ದು ಹೊಲಿಗೆ ಹಾಕಿಸಿಕೊಂಡ ಅದೇ ಭುಜದಿಂದ. ಯಾರು ಎಷ್ಟು ಎಸೆತ ಎಸೆದರು ಎಂದು ನೆಟ್‌ನಲ್ಲೂ ಎಣಿಸಿ ಬರೆದಿಡುವ ಪದ್ಧತಿ ಆಗ ನಮ್ಮಲ್ಲಿ ಎಲ್ಲಿತ್ತು?

ನಾನೂ ಕಾಲೇಜಿನಲ್ಲಿ ಮ್ಯಾಟ್ ಮೇಲೆ ಎರಡು ವರ್ಷ ವೇಗವಾಗಿ ಎಸೆದವನು. ವೇಗ ಎನ್ನುವುದು ನನ್ನ ಅಂದಾಜು. ನಮ್ಮ ವಿಕೆಟ್ ಕೀಪರ್‌ನ ಅಂದಾಜು ಬೇರೆ ಇತ್ತು. ಅಷ್ಟಕ್ಕೇ ಬೆಳಿಗ್ಗೆ ಎದ್ದು ನೆಲಕ್ಕೆ ಎಡಗಾಲು ಊರಿದರೆ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತಿತ್ತು. ಓಡಿ ಬಂದ ರಭಸವನ್ನೆಲ್ಲ ಮುಂಗಾಲು ಒಂದೇ ಏಟಿಗೆ ತಡೆದು ನಿಲ್ಲಿಸಬೇಕು. ಆ ಹೊಡೆತ ದೇಹದ ತೂಕದ ಹಲವು ಪಟ್ಟು, ಅದು ಮೊಣಕಾಲು ಏರಿ ಸೊಂಟದ ಮೂಳೆಗೆ ಹೋಗಿ ಮುಟ್ಟುತ್ತದೆ. ಅದೇ ಗಳಿಗೆಯಲ್ಲಿ ಬೆನ್ನು ಒಂದು ಕಡೆಗೆ ಬಾಗಿ ತಿರುಚಿಕೊಂಡಿರುತ್ತದೆ. ಬೂಮ್ರಾ ಬೆನ್ನಿಗೆ 2023ರಲ್ಲಿ ಶಸ್ತ್ರಚಿಕಿತ್ಸೆ ಆದದ್ದು ಸುಮ್ಮನೆ ಅಲ್ಲ. 2024-25ರಲ್ಲಿ ಆಸ್ಟ್ರೇಲಿಯಾದಲ್ಲಿ ಐದೂ ಟೆಸ್ಟ್ ಆಡಿ 32 ವಿಕೆಟ್ ತೆಗೆದರು, ಸಿಡ್ನಿಯ ಕೊನೆಯ ಇನಿಂಗ್ಸ್‌ನಲ್ಲಿ ಚೆಂಡು ಹಿಡಿಯಲೇ ಆಗಲಿಲ್ಲ. ಐದೂ ಆಡಿಸಿದರೆ ಏನಾಗುತ್ತದೆ ಎಂಬುದು ಅಲ್ಲೇ ಕಂಡಿತ್ತಲ್ಲ.

"ಐಪಿಎಲ್ ಆಡುವಾಗ ಮಾತ್ರ ಬೆನ್ನು ನೋಯುವುದಿಲ್ಲವಾ?" ಎಂದು ಅಳಿಯರಾಯ ಮಜ್ಜಿಗೆಯ ಹೊತ್ತಿಗೆ ಮತ್ತೊಂದು ಬಾಣ ಬಿಟ್ಟ. ಒಂದು ಇಡೀ ಐಪಿಎಲ್ ಅವರಿಗೆ ಬೆನ್ನಿನಿಂದಲೇ ತಪ್ಪಿದೆ, ನಾಲ್ಕು ಓವರಿಗೂ ನಲವತ್ತು ಓವರಿಗೂ ವ್ಯತ್ಯಾಸವಿದೆ ಎಂದೆ. ಆದರೆ ಹಣದ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಊಟವಾದ ಮೇಲೆ ಮೊಬೈಲಿನಲ್ಲಿ ಅಹಮದಾಬಾದ್ ಸ್ಪೆಲ್ ಹುಡುಕಿ ಕೊಟ್ಟೆ. ಮಸುಕು ಮಸುಕು ಚಿತ್ರ. ಹುಡುಗ ಕಲಿನನ್ ವಿಕೆಟನ್ನು ಎರಡು ಸಲ ಹಿಂದಕ್ಕೆ ಎಳೆದು ನೋಡಿದ, ಏನೂ ಹೇಳಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ, "ಮಾವ, ಟಾಸ್ ಹಾಕುವಾಗ ಇಬ್ಬರು ನಾಯಕರ ಪಕ್ಕ ಎತ್ತರಕ್ಕೆ ಒಬ್ಬರು ರೆಫರಿ ನಿಂತಿರುತ್ತಾರಲ್ಲ, ಅವರೇನಾ ಇವರು?" ಎಂದು ಕೇಳಿದ.

"ಅವರೇ" ಎಂದೆ.